ಎಲ್‌ಎಸ್‌ಐ 9211-8ಐ ಕಾರ್ಡ್: ಲಿನಕ್ಸ್ ಯಂತ್ರದಲ್ಲಿ ಕಾಣಿಸದಿದ್ದರೆ ಎಲ್ಲಿಂದ ಹುಡುಕಬೇಕು (ದೀರ್ಘ ಬಳಕೆಯ ವಿಮರ್ಶೆ)

ರೇಟಿಂಗ್: 5ಕ್ಕೆ 4

ಮದರ್‌ಬೋರ್ಡಿನಲ್ಲಿ ಇರೋದೇ ನಾಲ್ಕು ಸಾಟಾ ಪೋರ್ಟು, ಡಿಸ್ಕ್ ಎಂಟು ಹಾಕಬೇಕು ಅನ್ನುವವರಿಗೆ, ಹೆಚ್ಚುವರಿ ಡಿಸ್ಕ್ ಜೋಡಿಸುವ ಈ ಕಾರ್ಡ್ ಇವತ್ತಿಗೂ ಒಳ್ಳೆಯ ದಾರಿ. ಒಳಗಿರುವುದು ಎಸ್‌ಎಎಸ್2008 ಚಿಪ್ (ಎಸ್‌ಎಎಸ್ ಎಂದರೆ ಸರ್ವರ್ ಡಿಸ್ಕುಗಳ ಜೋಡಣೆ ವಿಧಾನ, ಸಾಟಾ ಡಿಸ್ಕೂ ಇದರಲ್ಲಿ ನಡೆಯುತ್ತದೆ), ಪಿಸಿಐಇ 2.0 ಎಂಟು ಲೇನ್, ಎರಡು ಎಸ್‌ಎಫ್‌ಎಫ್-8087 ಕನೆಕ್ಟರ್. ಒಂದೊಂದು ಕನೆಕ್ಟರಿಗೆ ನಾಲ್ಕು ಡಿಸ್ಕ್, ಪ್ರತಿ ಪೋರ್ಟಿಗೂ ಸೆಕೆಂಡಿಗೆ 6 ಗಿಗಾಬಿಟ್. ಐಬಿಎಂನ ಎಂ1015, ಡೆಲ್‌ನ ಎಚ್200 ಮತ್ತು ಎಚ್310 ಕಾರ್ಡುಗಳಲ್ಲೂ ಇದೇ ಚಿಪ್ ಇದೆ, ಹಾಗಾಗಿ ಕೆಳಗೆ ಹೇಳುವುದರಲ್ಲಿ ಬಹುಪಾಲು ಅವಕ್ಕೂ ಹೊಂದುತ್ತದೆ. ಎಲ್‌ಎಸ್‌ಐ ಕಂಪನಿಯನ್ನು 2014ರಲ್ಲಿ ಅವಾಗೋ ಕೊಂಡಿತು, 2016ರಲ್ಲಿ ಅವಾಗೋ ಬ್ರಾಡ್‌ಕಾಮ್ ಅನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. ಫರ್ಮ್‌ವೇರ್ (ಕಾರ್ಡಿನೊಳಗಿನ ಸಾಫ್ಟ್‌ವೇರ್) ಹುಡುಕುವಾಗ ಮೂರು ಹೆಸರೂ ಎದುರಾಗುತ್ತವೆ, ಗಾಬರಿ ಬೇಡ.

ಒಮ್ಮೆ ಕೂತರೆ ವರ್ಷಗಟ್ಟಲೆ ತುಟಿ ಬಿಚ್ಚದೆ ಕೆಲಸ ಮಾಡುವ ಕಾರ್ಡ್ ಇದು. ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಕೂರಿಸುವ ಮೊದಲ ದಿನದ ತಲೆನೋವಿಗೆ. "ಕಾರ್ಡ್ ಡಿಟೆಕ್ಟ್ ಆಗ್ತಿಲ್ಲ" ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ಕಾಯಿಲೆಗಳಿರುತ್ತವೆ: ಸ್ಲಾಟಿಗೇ ಕಾರ್ಡ್ ಗೊತ್ತಾಗಿಲ್ಲ, ಗೊತ್ತಾಗಿದೆ ಆದರೆ ಡ್ರೈವರ್ ಹಿಡಿದಿಲ್ಲ, ಡ್ರೈವರೂ ಇದೆ ಆದರೆ ಡಿಸ್ಕ್ ಇಲ್ಲ. ಯಾವುದು ಅಂತ ನೋಡದೆ ಕಾರ್ಡನ್ನೇ ವಾಪಸ್ ಕಳಿಸಿ ಇನ್ನೊಂದು ತರಿಸಿದರೆ ಅದೂ ಹಾಗೇ ಕೂರುತ್ತದೆ.

ಮೊದಲು ಟರ್ಮಿನಲ್ ತೆರೆದು "ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ -ಡಿ 1000:" ಎಂದು ಕೊಡಿ. 1000 ಎಂಬುದು ಎಲ್‌ಎಸ್‌ಐನ ವೆಂಡರ್ ಸಂಖ್ಯೆ. ಉತ್ತರದಲ್ಲಿ 1000:0072 ಬಂದು, ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಸಾಲಿನಲ್ಲಿ ಎಂಪಿಟಿ3ಎಸ್‌ಎಎಸ್ ಎಂದಿದ್ದರೆ ಕಾರ್ಡೂ ಡ್ರೈವರೂ ಸರಿಯಿವೆ, ತೊಂದರೆ ಮುಂದಿನ ಕೇಬಲ್, ಡಿಸ್ಕ್ ಕಡೆ. 1000:0073 ಬಂದರೆ ಅದು ಎಂ1015 ಅಥವಾ ಎಚ್310 ಕಾರ್ಡ್ ತನ್ನ ಮೂಲ ಮೆಗಾರೈಡ್ ಫರ್ಮ್‌ವೇರಿನಲ್ಲೇ ಇದೆ ಎಂದರ್ಥ, ಅದನ್ನು ಹಿಡಿಯುವ ಡ್ರೈವರ್ ಮೆಗಾರೈಡ್_ಎಸ್‌ಎಎಸ್. ಹಳೆಯ ಬರಹಗಳಲ್ಲಿ ಎಂಪಿಟಿ2ಎಸ್‌ಎಎಸ್ ಎಂಬ ಡ್ರೈವರ್ ಹೆಸರು ಸಿಗುತ್ತದೆ. ಕರ್ನಲ್ 4.4ರಿಂದ ಅದು ಎಂಪಿಟಿ3ಎಸ್‌ಎಎಸ್ ಒಳಗೇ ಸೇರಿಕೊಂಡಿದೆ, ಪ್ರತ್ಯೇಕವಾಗಿ ಹುಡುಕಬೇಡಿ. ಕರ್ನಲ್ ಲಾಗಿನಲ್ಲಿ ಮಾತ್ರ ಇವತ್ತಿಗೂ ಎಂಪಿಟಿ2ಎಸ್‌ಎಎಸ್_ಸಿಎಂ0 ಎಂದೇ ಬರೆದುಕೊಳ್ಳುತ್ತದೆ.

ಇನ್ನೊಂದು ಮಾತು. ಬೂಟ್ ಆಗುವಾಗ ಕಾರ್ಡಿನ ನೀಲಿ-ಕಪ್ಪು ಪರದೆ, ಕಂಟ್ರೋಲ್-ಸಿ ಒತ್ತಿ ಎನ್ನುವ ಸಾಲು ಬರಲಿಲ್ಲ ಎಂಬ ಕಾರಣಕ್ಕೇ ಕಾರ್ಡ್ ಸತ್ತಿದೆ ಎಂದುಕೊಳ್ಳುವವರು ಬಹಳ. ಆ ಸಾಲು ಬರುವುದು ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆಯ ಬಯಾಸ್ ರೀತಿಯ ಬೂಟ್) ಆನ್ ಇದ್ದಾಗ, ಕಾರ್ಡಿನಲ್ಲಿ ಬೂಟ್ ರಾಮ್ ಬರೆದಿದ್ದಾಗ ಮಾತ್ರ. ಬರೀ ಯುಇಎಫ್‌ಐನಲ್ಲಿ (ಹೊಸ ರೀತಿಯ ಬೂಟ್) ಬರದಿದ್ದರೆ ಅದು ದೋಷವಲ್ಲ. ಲಿನಕ್ಸ್‌ಗೆ ಆ ರಾಮ್ ಬೇಕಿಲ್ಲ, ಕಾರ್ಡಿನ ಡಿಸ್ಕಿನಿಂದಲೇ ಬೂಟ್ ಮಾಡುವವರಿಗಷ್ಟೇ ಅದರ ಕೆಲಸ.

ಈಗ, ಎಲ್‌ಎಸ್‌ಪಿಸಿಐನಲ್ಲಿ ಏನೂ ಬರಲಿಲ್ಲ ಎನ್ನೋಣ. ಇದು ಪೂರ್ತಿ ಹಾರ್ಡ್‌ವೇರ್ ಜಗಳ, ಡ್ರೈವರ್ ಮೇಲೆ ಒಂದು ನಿಮಿಷವೂ ಹಾಕಬೇಡಿ. ಯಂತ್ರ ಆನ್ ಇರುವಾಗ ಕಾರ್ಡಿನ ಮೇಲಿನ ಚಿಕ್ಕ ಹಸಿರು ದೀಪ ನೋಡಿ. ಸೆಕೆಂಡಿಗೊಮ್ಮೆಯಂತೆ ಮಿಣುಕುತ್ತಿದ್ದರೆ ಫರ್ಮ್‌ವೇರ್ ಓಡುತ್ತಿದೆ, ಕಾರ್ಡ್ ಜೀವಂತ ಇದೆ. ಆಗ ಸಂಶಯ ಸ್ಲಾಟಿನ ಮೇಲೆ. ಇವತ್ತಿನ ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದ ಕೂಡಲೇ ಒಂದು ಪಿಸಿಐಇ ಸ್ಲಾಟ್ ಸದ್ದಿಲ್ಲದೆ ಬಂದ್ ಆಗುವುದು ಮಾಮೂಲು. ಎರಡೂ ಅದೇ ಲೇನ್ ಹಂಚಿಕೊಂಡಿರುತ್ತವೆ. ಯಾವ ಎಂ.2 ಯಾವ ಸ್ಲಾಟನ್ನು ತಿನ್ನುತ್ತದೆ ಎಂಬುದು ಮ್ಯಾನುಯಲ್‌ನ ಸ್ಲಾಟ್ ಪಟ್ಟಿಯ ಅಡಿಟಿಪ್ಪಣಿಯಲ್ಲಿರುತ್ತದೆ, ದಪ್ಪ ಅಕ್ಷರದಲ್ಲಿ ಯಾರೂ ಬರೆಯುವುದಿಲ್ಲ. ಬಯಾಸ್‌ನಲ್ಲಿ ಆ ಸ್ಲಾಟನ್ನೇ ಡಿಸೇಬಲ್ ಮಾಡಿರುವುದೂ ಉಂಟು. ಕೆಲವು ಹಳೆಯ ಬೋರ್ಡುಗಳ ಉದ್ದನೆಯ ಸ್ಲಾಟ್ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಇನ್ನು ಕೆಲವು ಬೋರ್ಡ್ ಆ ಸ್ಲಾಟಿನಲ್ಲಿ ಏನೋ ಕೂತಿತು ಎಂದ ಕೂಡಲೇ ಒಳಗಿನ ಗ್ರಾಫಿಕ್ಸ್ ಆಫ್ ಮಾಡುತ್ತವೆ. ಮಾನಿಟರ್ ಕಪ್ಪಾಗುತ್ತದೆ, ಯಂತ್ರ ಒಳಗೊಳಗೇ ಬೂಟ್ ಆಗಿರುತ್ತದೆ. ಬಯಾಸ್‌ನಲ್ಲಿ ಪ್ರೈಮರಿ ಡಿಸ್‌ಪ್ಲೇಯನ್ನು ಒಳಗಿನ ಗ್ರಾಫಿಕ್ಸ್‌ಗೆ ನಿಗದಿ ಮಾಡಿದರೆ ಮುಗಿಯಿತು.

ಬ್ರಾಕೆಟ್ ಕೂಡ ನೋಡಿ. ಸೆಕೆಂಡ್ ಹ್ಯಾಂಡ್ ಕಾರ್ಡುಗಳು ಗಿಡ್ಡ ಬ್ರಾಕೆಟ್ಟಿನ ಜತೆ ಅಥವಾ ಬ್ರಾಕೆಟ್ಟೇ ಇಲ್ಲದೆ ಬರುತ್ತವೆ. ಸರಿಹೊಂದದ ಬ್ರಾಕೆಟ್ ಹಾಕಿ ಸ್ಕ್ರೂ ಬಿಗಿ ಮಾಡುತ್ತಿದ್ದಂತೆ ಕಾರ್ಡಿನ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೇಳುತ್ತದೆ. ಸ್ಕ್ರೂ ಬಿಚ್ಚಿದರೆ ಕಾಣಿಸುತ್ತದೆ, ಹಾಕಿದರೆ ಮಾಯ. ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ನಮ್ಮ ರಿಪೇರಿ ಅಂಗಡಿಗಳಲ್ಲಿದೆ. ಲೇಪನ ಬಹಳ ತೆಳು, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದು ಎಸ್‌ಎಂಬಸ್ (ಬೋರ್ಡಿನ ಭಾಗಗಳು ಸಣ್ಣ ಮಾಹಿತಿ ಹಂಚಿಕೊಳ್ಳುವ ತಂತಿ) ಗಲಾಟೆ. ಎಚ್310, ಎಂ1015ರಂಥ ಸರ್ವರ್ ಕಾರ್ಡುಗಳನ್ನು ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿಗೆ, ಅದರಲ್ಲೂ ಇಂಟೆಲ್ ಚಿಪ್‌ಸೆಟ್ಟಿನವಕ್ಕೆ ಹಾಕಿದಾಗ ಇದು ಬರುತ್ತದೆ. ಫ್ಯಾನ್ ತಿರುಗುತ್ತದೆ, ಪರದೆ ಇಲ್ಲ. ಇಲ್ಲವೇ ರ‍್ಯಾಮ್ ಎಣಿಕೆ ತಪ್ಪುತ್ತದೆ. ಕಾರ್ಡ್ ತೆಗೆದರೆ ಎಲ್ಲ ಸರಿ. ರ‍್ಯಾಮ್ ಪಟ್ಟಿಯ ಮಾಹಿತಿ ಓದುವ ಅದೇ ಎಸ್‌ಎಂಬಸ್ ತಂತಿಗಳ ಮೇಲೆ ಕಾರ್ಡೂ ಬಾಯಿ ಹಾಕುವುದರಿಂದ ಹೀಗಾಗುತ್ತದೆ. ಪರಿಹಾರ ಎರಡು ಪಿನ್ ಮುಚ್ಚುವುದು. ಚಿಪ್ ಇರುವ ಮುಖ ನಿಮ್ಮ ಕಡೆ, ಚಿನ್ನದ ಹಲ್ಲು ಕೆಳಕ್ಕೆ, ಬ್ರಾಕೆಟ್ ಎಡಕ್ಕೆ ಬರುವಂತೆ ಕಾರ್ಡ್ ಹಿಡಿಯಿರಿ. ಎಡದಿಂದ ಎಣಿಸಿ 5 ಮತ್ತು 6ನೇ ಹಲ್ಲು. ಕಚ್ಚಿನ ಈ ಬದಿಗೆ ಒಟ್ಟು 11 ಹಲ್ಲು ಇರುತ್ತವೆ, ಅಂದರೆ 6ನೆಯದು ಸರಿಯಾಗಿ ನಡುವಿನದು. ಎಣಿಕೆ ತಪ್ಪಿದೆಯೇ ಎಂದು ನೋಡಲು ಇದು ಒಳ್ಳೆಯ ಗುರುತು. ಹಲ್ಲುಗಳ ನಡುವಿನ ಅಂತರ 1 ಮಿ.ಮೀ., ಹಾಗಾಗಿ 2 ಮಿ.ಮೀ. ಅಗಲದ ಕ್ಯಾಪ್ಟನ್ ಟೇಪಿನ ಪಟ್ಟಿ ಸಾಕು. ಮೊಬೈಲ್ ರಿಪೇರಿಯವರು ಬಳಸುವ ಹಳದಿ-ಕಂದು ಟೇಪ್ ಅದೇ. ಸೆಲ್ಲೋ ಟೇಪ್ ಹಾಕಬೇಡಿ, ಬಿಸಿಗೆ ಅಂಟು ಇಳಿದು ಸ್ಲಾಟಿನೊಳಗೆ ಸೇರುತ್ತದೆ. ಟೇಪನ್ನು ಹಲ್ಲಿನ ತುದಿ ದಾಟಿಸಿ ಹಿಂಬದಿಗೆ ಮಡಚಬೇಡಿ, ಅಲ್ಲಿ ಬೇರೆ ಪಿನ್‌ಗಳಿವೆ. ಈ ಎರಡು ಪಿನ್ ಮುಚ್ಚಿದರೆ ಡಿಸ್ಕಿನ ಓದು-ಬರಹಕ್ಕೆ ಯಾವ ನಷ್ಟವೂ ಇಲ್ಲ.

ಕಾರ್ಡ್ ಪಟ್ಟಿಯಲ್ಲಿದೆ, ಡ್ರೈವರ್ ಸಾಲು ಮಾತ್ರ ಇಲ್ಲ ಎಂದಾಗ ಮೊದಲ ಪ್ರಶ್ನೆ: ಯಾವ ಡಿಸ್ಟ್ರೊ? ಡೆಬಿಯನ್, ಉಬುಂಟುಗಳಲ್ಲಿ ಈ ತೊಂದರೆ ಅಪರೂಪ. ರೆಡ್ ಹ್ಯಾಟ್ ಮಾತ್ರ ತನ್ನ 8ನೇ ಆವೃತ್ತಿಯಿಂದ ಎಂಪಿಟಿ3ಎಸ್‌ಎಎಸ್ ಡ್ರೈವರ್ ಉಳಿಸಿಕೊಂಡು, ಅದರೊಳಗಿನ ಗುರುತುಪಟ್ಟಿಯಿಂದ 1000:0072 ಅನ್ನು ತೆಗೆದುಹಾಕಿತು. ಮಾಡ್ಯೂಲ್ ಲೋಡ್ ಆಗಿರುತ್ತದೆ, ಎಲ್‌ಎಸ್‌ಮಾಡ್‌ನಲ್ಲಿ ಕಾಣುತ್ತದೆ, ಕಾರ್ಡನ್ನು ಮುಟ್ಟುವುದಿಲ್ಲ. ಇದನ್ನು ಹಿಡಿಯಲು "ಮಾಡ್‌ಇನ್ಫೋ ಎಂಪಿಟಿ3ಎಸ್‌ಎಎಸ್" ಔಟ್‌ಪುಟ್ಟಿನ ಏಲಿಯಾಸ್ ಸಾಲುಗಳಲ್ಲಿ 00000072 ಹುಡುಕಿ. ಇಲ್ಲದಿದ್ದರೆ ಎರಡು ದಾರಿ: ಈಎಲ್‌ರೆಪೊದ (ರೆಡ್ ಹ್ಯಾಟ್‌ಗಾಗಿ ಹೊರಗಿನವರು ನಡೆಸುವ ಪ್ಯಾಕೇಜ್ ಭಂಡಾರ) ಕೆಮಾಡ್-ಎಂಪಿಟಿ3ಎಸ್‌ಎಎಸ್ ಪ್ಯಾಕೇಜ್, ಅಥವಾ ಈ ಗುರುತುಗಳನ್ನು ಮತ್ತೆ ಸೇರಿಸಿರುವ ಆಲ್ಮಾಲಿನಕ್ಸ್ 9.4. ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಬೇಕೆಂದರೆ ಈಎಲ್‌ರೆಪೊದ ಡ್ರೈವರ್ ಡಿಸ್ಕನ್ನು ಇನ್‌ಸ್ಟ್.ಡಿಡಿ ಆಯ್ಕೆಯಿಂದ ಕೊಡಬೇಕು.

ಡ್ರೈವರ್ ಸಾಲಿನಲ್ಲಿ ವಿಎಫ್‌ಐಒ-ಪಿಸಿಐ ಎಂದಿದ್ದರೆ ಯಾರೋ ಅದನ್ನು ವರ್ಚುವಲ್ ಮೆಷಿನ್‌ಗೆ ಬಿಟ್ಟುಕೊಟ್ಟಿದ್ದಾರೆ. ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಮೆಷಿನ್ ನಡೆಸುವ ವ್ಯವಸ್ಥೆ) ಬಳಸುವವರು ಮರೆತುಬಿಡುವ ಸಂಗತಿ ಇದು. /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗಿನ ಸಾಲುಗಳನ್ನು ಓದಿ.

ಡ್ರೈವರ್ ಹಿಡಿಯಲು ಹೋಗಿ ಸೋತಿದ್ದರೆ ಡಿಎಂಇಎಸ್‌ಜಿ (ಕರ್ನಲ್ ಲಾಗ್ ತೋರಿಸುವ ಆಜ್ಞೆ) ಹೇಳುತ್ತದೆ. "ಅನ್‌ಏಬಲ್ ಟು ಮ್ಯಾಪ್ ಅಡಾಪ್ಟರ್ ಮೆಮೊರಿ" ಎಂಬ ಸಾಲು, ಅದರ ಬೆನ್ನಿಗೇ ಪ್ರೋಬ್ ವಿಫಲ ಎಂಬ ಇನ್ನೊಂದು ಸಾಲು ಇದ್ದರೆ, ಬಯಾಸ್ ಕಾರ್ಡಿಗೆ ಮೆಮೊರಿ ವಿಳಾಸ ಹಂಚಿದ್ದರಲ್ಲಿ ಎಡವಟ್ಟಾಗಿದೆ. ಬೂಟ್ ಲೋಡರ್ ಗ್ರಬ್‌ನ ಕರ್ನಲ್ ಸಾಲಿಗೆ ಪಿಸಿಐ=ರಿಯಲಾಕ್=ಆಫ್ ಸೇರಿಸಿ ನೋಡಿ. ಮೊದಲು ಬೂಟ್ ಮೆನುವಿನಲ್ಲಿ 'ಇ' ಒತ್ತಿ ಒಂದು ಸಲಕ್ಕೆ ಮಾತ್ರ ಹಾಕಿ, ಫಲ ಕಂಡರೆ ಕಾಯಂ ಮಾಡಿ. ಬಯಾಸ್ ಅಪ್‌ಡೇಟ್ ಇದ್ದರೆ ಅದನ್ನೂ ಮಾಡಿ.

ಎಲ್ಲ ಸರಿಯಾಗಿ, ಡಿಸ್ಕ್ ಮಾತ್ರ ಇಲ್ಲ? ಹತ್ತರಲ್ಲಿ ಎಂಟು ಸಲ ಎನ್ನುವಷ್ಟು ಸಾಮಾನ್ಯ ಅಪರಾಧಿ ಕೇಬಲ್. ಎಸ್‌ಎಫ್‌ಎಫ್-8087ನಿಂದ ನಾಲ್ಕು ಸಾಟಾ ಆಗಿ ಒಡೆಯುವ ಕೇಬಲ್‌ನಲ್ಲಿ ಫಾರ್ವರ್ಡ್, ರಿವರ್ಸ್ ಎಂಬ ಎರಡು ಜಾತಿ. ಕಣ್ಣಿಗೆ ಎರಡೂ ಒಂದೇ. ಕಾರ್ಡಿನಿಂದ ಡಿಸ್ಕಿಗೆ ಹೋಗಲು ಬೇಕಾದ್ದು ಫಾರ್ವರ್ಡ್. ರಿವರ್ಸ್ ಇರುವುದು ಬೋರ್ಡಿನ ಸಾಟಾ ಪೋರ್ಟುಗಳಿಂದ ಬ್ಯಾಕ್‌ಪ್ಲೇನಿಗೆ (ಡಿಸ್ಕುಗಳನ್ನು ಕೂರಿಸುವ ಬೋರ್ಡು). ತಪ್ಪು ಜಾತಿಯದು ಹಾಕಿದರೆ ಏನೂ ಸುಡುವುದಿಲ್ಲ, ಏನೂ ಕಾಣುವುದೂ ಇಲ್ಲ. ಅಂಗಡಿಯಲ್ಲಿ ಕೇಳುವಾಗ ಆ ಪದ ಹೇಳಿಯೇ ಕೇಳಿ.

ಕೇಬಲ್ ಸರಿಯಿದೆಯೇ ಎಂಬುದನ್ನು ಲಿನಕ್ಸೇ ಹೇಳುತ್ತದೆ. /ಸಿಸ್/ಕ್ಲಾಸ್/ಎಸ್‌ಎಎಸ್_ಫೈ ಒಳಗೆ ಪ್ರತಿ ಪೋರ್ಟಿಗೊಂದು ಫೋಲ್ಡರ್ ಇರುತ್ತದೆ. ಅದರಲ್ಲಿ ನೆಗೋಷಿಯೇಟೆಡ್_ಲಿಂಕ್‌ರೇಟ್ ಫೈಲನ್ನು ಓದಿದರೆ 6.0 ಗಿಗಾಬಿಟ್ ಎಂದು ಬರಬೇಕು. ಇನ್ವ್ಯಾಲಿಡ್_ಡಿವರ್ಡ್_ಕೌಂಟ್ ಎಂಬ ದೋಷದ ಲೆಕ್ಕ ಓದಿಕೊಂಡು, ದೊಡ್ಡ ಫೈಲೊಂದನ್ನು ಕಾಪಿ ಮಾಡಿ ಮತ್ತೆ ಓದಿ. ಏರುತ್ತಲೇ ಇದ್ದರೆ ಆ ಕೇಬಲ್ ಬಿಸಾಡಿ.

ಹೊಸ ದೊಡ್ಡ ಡಿಸ್ಕುಗಳು ತಿರುಗದೇ ಇದ್ದರೆ ಕಾರಣ ಪವರ್ ಕಡೆ ಇರಬಹುದು. ಸಾಟಾ ಪವರ್ ಕನೆಕ್ಟರಿನ 3ನೇ ಪಿನ್‌ನಲ್ಲಿ 3.3 ವೋಲ್ಟ್ ಬಂದರೆ ಅದನ್ನು ಕೆಲವು ಡಿಸ್ಕುಗಳು ಪವರ್ ಡಿಸೇಬಲ್ ಆಜ್ಞೆ ಎಂದು ತಿಳಿದು ಮಲಗಿಬಿಡುತ್ತವೆ. ಮೋಲೆಕ್ಸ್‌ನಿಂದ ಸಾಟಾ ಪವರ್‌ಗೆ ಬದಲಿಸುವ ಅಡಾಪ್ಟರಿನಲ್ಲಿ 3.3 ವೋಲ್ಟ್ ಇರುವುದಿಲ್ಲ, ಅದು ಕೆಲಸ ಮಾಡುತ್ತದೆ. ಒಂದೇ ಎಚ್ಚರ: ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದ ಅಗ್ಗದ ಅಡಾಪ್ಟರುಗಳು ಒಳಗೆ ಶಾರ್ಟ್ ಆಗಿ ಸುಟ್ಟ ಉದಾಹರಣೆ ಬೇಕಾದಷ್ಟಿವೆ, ತಂತಿ ಬಿಡಿಬಿಡಿಯಾಗಿ ಕ್ರಿಂಪ್ ಮಾಡಿದ್ದನ್ನೇ ಕೊಳ್ಳಿ. ಸ್ಟೋರೇಜ್ ಅರೇಗಳಿಂದ ಬಂದ ಹಳೆಯ ಎಸ್‌ಎಎಸ್ ಡಿಸ್ಕಾಗಿದ್ದು ಲಾಗಿನಲ್ಲಿ "ಅನ್‌ಸಪೋರ್ಟೆಡ್ ಸೆಕ್ಟರ್ ಸೈಜ್ 520" ಎಂದಿದ್ದರೆ, ಎಸ್‌ಜಿ_ಫಾರ್ಮ್ಯಾಟ್‌ನಲ್ಲಿ --ಫಾರ್ಮ್ಯಾಟ್ --ಸೈಜ್=512 ಕೊಟ್ಟು ಬಿಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋಗಬಾರದು, ಡಿಸ್ಕಿನಲ್ಲಿದ್ದದ್ದೆಲ್ಲ ಹೋಗುತ್ತದೆ.

ಫರ್ಮ್‌ವೇರ್ ವಿಷಯ. ಝಡ್‌ಎಫ್‌ಎಸ್ ಅಥವಾ ಎಂಡಿ ರೈಡ್ (ಡಿಸ್ಕುಗಳನ್ನು ಲಿನಕ್ಸೇ ಒಟ್ಟುಗೂಡಿಸುವ ವಿಧಾನಗಳು) ಬಳಸುವವರಿಗೆ ಐಟಿ ಮೋಡ್ (ಡಿಸ್ಕನ್ನು ಇದ್ದಂತೆಯೇ ಲಿನಕ್ಸ್‌ಗೆ ಕೊಡುವ ಫರ್ಮ್‌ವೇರ್) ಬೇಕು, ಆವೃತ್ತಿ 20.00.07.00 ಇರಲಿ. ಇದೇ 20ರ ಸರಣಿಯ ಮೊದಲ ಬಿಡುಗಡೆ 20.00.00.00 ತೊಂದರೆಯದು, ಅದು ಇದ್ದರೆ ಮೇಲೇರಿಸಿ. ಸದ್ಯ ಯಾವುದಿದೆ ಎಂಬುದು ಡಿಎಂಇಎಸ್‌ಜಿಯ ಎಫ್‌ಡಬ್ಲ್ಯೂವರ್ಷನ್ ಸಾಲಿನಲ್ಲೇ ಇರುತ್ತದೆ. ಐಆರ್‌ನಿಂದ (ಕಾರ್ಡೇ ರೈಡ್ ಮಾಡುವ ಫರ್ಮ್‌ವೇರ್) ಐಟಿಗೆ ನೇರ ಬರೆಯಲು ಹೋದರೆ, ಫರ್ಮ್‌ವೇರ್ ಬರೆಯುವ ಸಾಸ್2ಫ್ಲಾಶ್ ಪ್ರೋಗ್ರಾಂ ಒಪ್ಪುವುದಿಲ್ಲ, ಮೊದಲು ಅಳಿಸಬೇಕು. ಅದರ ಡಾಸ್ ಆವೃತ್ತಿ ಹೊಸ ಬೋರ್ಡಿನಲ್ಲಿ "ಫೇಲ್ಡ್ ಟು ಇನಿಶಿಯಲೈಸ್ ಪಾಲ್" ಎಂದು ನಿಲ್ಲುತ್ತದೆ, ಆಗ ಯುಇಎಫ್‌ಐ ಶೆಲ್‌ನಿಂದ ಮಾಡಿ. ಶೆಲ್ ಮೊದಲ ಆವೃತ್ತಿಯದಾಗಿರಲಿ, ಎರಡನೆಯದರಲ್ಲಿ ಪ್ರೋಗ್ರಾಂ ಶುರುವೇ ಆಗುವುದಿಲ್ಲ. ಕಾರ್ಡಿನ ಸ್ಟಿಕ್ಕರಿನಲ್ಲಿ 500605ಬಿ ಇಂದ ಶುರುವಾಗುವ 16 ಅಕ್ಷರದ ಎಸ್‌ಎಎಸ್ ವಿಳಾಸವನ್ನು ಮೊದಲೇ ಬರೆದಿಟ್ಟುಕೊಳ್ಳಿ. "-ಓ -ಇ 6" ಕೊಟ್ಟು ಅಳಿಸಿದ ಮೇಲೆ ಹೊಸ 2118ಐಟಿ.ಬಿನ್ ಬರೆಯುವ ತನಕ ರೀಬೂಟ್ ಮಾಡಲೇಬೇಡಿ. ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈ ಹಾಕುವುದು ಧೈರ್ಯವಲ್ಲ, ಹುಂಬತನ. ಬರೆಯುವಾಗ "-ಬಿ" ಆಯ್ಕೆ ಬಿಟ್ಟರೆ ಬೂಟ್ ರಾಮ್ ಸೇರುವುದಿಲ್ಲ, ಯಂತ್ರ ಬೇಗ ಬೂಟ್ ಆಗುತ್ತದೆ.

ಕಾರ್ಡ್ ಕೂರಿಸಿದ ಮೇಲೆ ನೆಟ್‌ವರ್ಕ್ ಹೋಯಿತು ಎಂಬ ದೂರು ವಿಚಿತ್ರ ಅನಿಸಬಹುದು, ಆದರೆ ನಿಜ. ಹೊಸ ಕಾರ್ಡಿನಿಂದ ಪಿಸಿಐ ಬಸ್ ಸಂಖ್ಯೆ ಸರಿದು, ನೆಟ್‌ವರ್ಕ್ ಪೋರ್ಟಿನ ಹೆಸರು ಇಎನ್‌ಪಿ3ಎಸ್0 ಇದ್ದದ್ದು ಇಎನ್‌ಪಿ4ಎಸ್0 ಆಗುತ್ತದೆ, ಸೆಟ್ಟಿಂಗ್ ಫೈಲಿನಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ. ಮಾನಿಟರ್ ಇಲ್ಲದ ಸರ್ವರಾದರೆ ಎಸ್‌ಎಸ್‌ಎಚ್ (ದೂರದಿಂದ ಒಳಹೋಗುವ ದಾರಿ) ಸಿಗದೆ ಕಾರ್ಡ್ ಯಂತ್ರವನ್ನೇ ಕೊಂದಿತು ಅನಿಸುತ್ತದೆ.

ದೀರ್ಘ ಬಳಕೆಯಲ್ಲಿ ಇದರ ಶತ್ರು ಒಂದೇ, ಬಿಸಿ. ಸರ್ವರ್ ಫ್ಯಾನುಗಳ ಜೋರು ಗಾಳಿ ನಂಬಿ ಮಾಡಿದ ಹೀಟ್‌ಸಿಂಕ್ ಇದು. ಮಾತಿಲ್ಲದ ಡೆಸ್ಕ್‌ಟಾಪ್ ಕೇಸಿನಲ್ಲಿ ಬೇಸಿಗೆಯ ಮಧ್ಯಾಹ್ನ ಬೆರಳಿಟ್ಟರೆ ಹಿಂತೆಗೆಯಬೇಕು, ಡಿಸ್ಕುಗಳು ಒಂದೊಂದಾಗಿ ಕಳಚಿಕೊಂಡು ರೀಬೂಟ್ ಆದ ಮೇಲೆ ಮರಳುವುದು ಇದರ ಲಕ್ಷಣ. 40 ಮಿ.ಮೀ. ಫ್ಯಾನ್ ಒಂದನ್ನು ಹೀಟ್‌ಸಿಂಕ್ ಮೇಲೆ ಕಟ್ಟಿ. ಗಟ್ಟಿಯಾಗಿ ಒಣಗಿದ ಹಳೆಯ ಥರ್ಮಲ್ ಪೇಸ್ಟನ್ನೂ ಬದಲಿಸಿ.

ನಾಲ್ಕು ಲೇನಿನ ಸ್ಲಾಟೇ ಇದ್ದರೂ ತಿರುಗುವ ಡಿಸ್ಕುಗಳಿಗೆ ಸಾಕು, ಸೆಕೆಂಡಿಗೆ 2 ಗಿಗಾಬೈಟಿನಷ್ಟು ದಾರಿ ಇರುತ್ತದೆ. ಎಸ್‌ಎಸ್‌ಡಿ ತುಂಬಿಸುವ ಯೋಚನೆಯಿದ್ದರೆ ಇದನ್ನು ಬಿಟ್ಟು ಎಸ್‌ಎಎಸ್3008 ಚಿಪ್ಪಿನ 9300-8ಐ ನೋಡಿ. ಅದರ ಕನೆಕ್ಟರ್ ಎಸ್‌ಎಫ್‌ಎಫ್-8643, ಇದರ ಕೇಬಲ್ ಅದಕ್ಕೆ ಕೂರುವುದಿಲ್ಲ.