ಹೆಸರು ಹುಡುಕಿಕೊಡೋ ಆನ್‌ಲೈನ್ ಸರ್ವಿಸ್‌ಗೆ 1,501 ಕೊಟ್ಟೆ, ಮಗಳಿಗೆ ನಮ್ಮಪ್ಪನ ಹೆಸರೇ ಇಟ್ಟೆ: 5ಕ್ಕೆ 2 ಸ್ಟಾರ್

ಸರ್ವಿಸ್ ಯಾವ್ದು ಅಂತ ಹೆಸರು ಹಾಕ್ತಾ ಇಲ್ಲ, ಸುಮ್ನೆ ಯಾಕೆ ಗಲಾಟೆ, ಇಂಥವು ಈಗ ಬೀದಿಗೆ ಮೂರು ಸಿಗ್ತವೆ. ವಾಟ್ಸಾಪ್‌ನಲ್ಲಿ ಮಗು ಹುಟ್ಟಿದ ದಿನ, ಟೈಮು, ಊರು ಕಳಿಸೋದು, ಅವರು ನಕ್ಷತ್ರ ನೋಡಿ ಅಕ್ಷರ ಹೇಳಿ, ನ್ಯೂಮರಾಲಜಿ ಕೂಡಿ ಕಳೆದು, ಒಂದು ಪಿಡಿಎಫ್ ಕಳಿಸೋದು. 1,501 ರೂಪಾಯಿ. ಮೂರು ಸಲ ಬದಲಾವಣೆ ಫ್ರೀ ಅಂತ ಬರೆದಿದ್ರು, ಎರಡನೇ ಸಲಕ್ಕೇ ಇನ್ನೈನೂರು ಹಾಕಿ ಅಂದ್ರು, ಅದು ಒಂದು ಕಡೆ ಇರ್ಲಿ.

ನಮ್ಮದು ಸ್ವಲ್ಪ ಬೇರೆ ಕೇಸು. ನಮಗೆ ಹೆಸರು ಹುಡುಕಿಕೊಡೋದು ಬೇಕಿರಲಿಲ್ಲ, ಹೆಸರು ಆಗ್ಲೇ ಇತ್ತು. ಕಿಟ್ಟಿ. ನಮ್ಮಪ್ಪ ರೆಕಾರ್ಡಲ್ಲಿ ಕೃಷ್ಣೇಗೌಡ, ಆದ್ರೆ ಮಂಡ್ಯದಲ್ಲಿ ಯಾರನ್ನಾದ್ರೂ ಕೃಷ್ಣೇಗೌಡ್ರ ಮನೆ ಎಲ್ಲಿ ಅಂತ ಕೇಳಿದ್ರೆ ಯಾವ ಕೃಷ್ಣೇಗೌಡ ಅಂತಿದ್ರು, ಕಿಟ್ಟಿ ಮನೆ ಅಂದ್ರೆ ಕರ್ಕೊಂಡೋಗಿ ಬಾಗಿಲಿಗೇ ಬಿಡೋರು. 68 ವರ್ಷ ಆದ್ಮೇಲೂ ಟೀ ಅಂಗಡಿಲಿ "ಬಾರ್ಲಾ ಕಿಟ್ಟಿ" ಅಂತಾನೇ. ನಾನು ಏಳು ತಿಂಗಳ ಬಸುರಿ ಇದ್ದಾಗ ಹೋಗ್ಬಿಟ್ರು. ಹುಟ್ಟಿದ್ದು ಹೆಣ್ಣುಮಗು, ನಕ್ಷತ್ರ ಮೃಗಶಿರ ನಾಲ್ಕನೇ ಪಾದ. ಮೃಗಶಿರಕ್ಕೆ ವೆ, ವೊ, ಕ, ಕಿ ಅಂತ ನಾಲ್ಕು ಅಕ್ಷರ, ನಾಲ್ಕನೇ ಪಾದಕ್ಕೆ ಕಿ. ಪಂಚಾಂಗದಲ್ಲಿ ಅದನ್ನ ನೋಡಿದಾಗ ನಾನೂ ನನ್ನ ತಮ್ಮನೂ ಮುಖ ಮುಖ ನೋಡ್ಕೊಂಡ್ವಿ. (ಇನ್ನೊಂದಷ್ಟು ಗಂಟೆ ತಡ ಆಗಿದ್ರೆ ಆರಿದ್ರ, ಅದಕ್ಕೆ ಕು, ಘ, ಙ, ಛ. ಙ ಅಂತ ಶುರುವಾಗೋ ಹೆಸರು ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ಬೇರೆಯೋರಿಗೆ ಉಪಯೋಗ ಆಗುತ್ತೆ.)

ಮನೇಲಿ ಗಲಾಟೆ ಆಯ್ತು. ಅತ್ತೆ ಅಂದ್ರು ಅದು ಗಂಡು ಹೆಸರು ಕಣಮ್ಮ, ಹಂಗಿಟ್ರೆ ಹುಡುಗಿ ಗಂಡುಬೀರಿ ಆಗ್ತಾಳೆ. ನನ್ನ ಗಂಡ ಅಂದ್ರು ಸರ್ಟಿಫಿಕೇಟಿಗೆ ಕೃಷ್ಣೆ ಅಂತ ಹಾಕ್ಸಿ ಮನೇಲಿ ಏನಾದ್ರೂ ಕರ್ಕೋ, ದ್ರೌಪದಿ ಹೆಸರು, ಚೆನ್ನಾಗೂ ಇದೆ. ಅವರು ಹೇಳೋದ್ರಲ್ಲೂ ತಪ್ಪಿಲ್ಲ, ಆದ್ರೆ ನಮ್ಮಪ್ಪನೂ ಹಂಗೇ ಅಲ್ವಾ, ಕಾಗದದಲ್ಲಿ ಒಂದು ಬಾಯಲ್ಲಿ ಒಂದು, ಬ್ಯಾಂಕ್‌ನೋರು ಕೂಗೋವಾಗ ಆ ಮನುಷ್ಯ ತನ್ನನ್ನಲ್ಲ ಅಂತ ಕೂತೇ ಇರ್ತಿತ್ತು. ಸರಿ, ಮೂರನೇ ಯಾರೋ ಒಬ್ರು ಹೇಳ್ಲಿ ಅಂತ ಈ ಸರ್ವಿಸ್‌ಗೆ ದುಡ್ಡು ಹಾಕಿದ್ವಿ. ನಾನು ಕೇಳಿದ್ದು ಒಂದೇ ಪ್ರಶ್ನೆ, ಕಿಟ್ಟಿ ಅಂತ ಹೆಣ್ಣುಮಗುಗೆ ಇಟ್ರೆ ಮುಂದೆ ಅವಳಿಗೆ ತೊಂದ್ರೆ ಆಗುತ್ತಾ.

ಎರಡು ದಿನಕ್ಕೆ 14 ಪೇಜಿನ ಪಿಡಿಎಫ್ ಬಂತು. ಮೊದಲ ಪೇಜಲ್ಲಿ ಗಣಪತಿ, ಕೊನೇ ಪೇಜಲ್ಲಿ ಕ್ಯೂಆರ್ ಕೋಡು. ಮಧ್ಯದಲ್ಲಿ ಕಿಯಾರಾ, ಕಿನಿಶಾ, ಕಿಮಾಯಾ ಅಂತ ಸಾಲಾಗಿ, ಅರ್ಧಕ್ಕರ್ಧ ನಮ್ಮಮ್ಮನ ಬಾಯಲ್ಲಿ ತಿರುಗೋದೇ ಇಲ್ಲ. ಕನ್ನಡ ಫಾಂಟು ಒಡೆದುಹೋಗಿತ್ತು, ಒತ್ತಕ್ಷರ ಎಲ್ಲಾ ಕೆಳಗೆ ಇಳೀದೆ ಪಕ್ಕದಲ್ಲಿ ನಿಂತಿತ್ತು, ಮಗು ಹೆಸರಿನ ರಿಪೋರ್ಟಲ್ಲಿ ಮಗು ಹೆಸರೇ ಓದಕ್ಕಾಗಲ್ಲ. ನನ್ನ ಪ್ರಶ್ನೆಗೆ ಒಂದೇ ಸಾಲು: "ಈ ಹೆಸರು ಪುರುಷ ತತ್ವ, ಸ್ಪೆಲ್ಲಿಂಗ್ ಬದಲಿಸಿದರೆ ಸ್ತ್ರೀ ತತ್ವ ಬರುತ್ತದೆ."

ಹೆಂಗೆ ಬದಲಿಸೋದು ಅಂತ ಕೇಳ್ದೆ. ಕೊನೇಲಿರೋ ವೈ ತೆಗೆದು ಐ ಹಾಕಿ ಅಂದ್ರು. ಅವರು ಬಳಸೋದು ಕ್ಯಾಲ್ಡಿಯನ್ ಲೆಕ್ಕ (ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ನಂಬರು) ಅಂತ ಪಿಡಿಎಫಲ್ಲೇ ಟೇಬಲ್ ಕೊಟ್ಟಿದ್ರು, ಹಾಲು ಕುಡಿಸ್ಕೊಂಡು ರಾತ್ರಿ ಎರಡು ಗಂಟೆಲಿ ನಾನೇ ಕೂಡಿದೆ. ಕೆ 2, ಐ 1, ಟಿ 4, ಇನ್ನೊಂದು ಟಿ 4, ವೈ 1. ಒಟ್ಟು 12, ಒಂದೂ ಎರಡೂ ಮೂರು. ಈಗ ವೈ ಬದಲು ಐ. ಐಗೂ ಒಂದೇ ಕಣ್ರಿ! ಮತ್ತೆ 12, ಮತ್ತೆ ಮೂರು. ಬೆಳಿಗ್ಗೆ ಮೆಸೇಜ್ ಮಾಡಿದ್ರೆ, ಹಂಗಾದ್ರೆ ಕೊನೇಲಿ ಡಬಲ್ ಇ ಹಾಕಿ ಮೇಡಂ ಅಂದ್ರು. ಇಗೆ 5, ಎರಡು ಇ ಅಂದ್ರೆ 10, ಮುಂಚಿನ 11 ಸೇರಿ 21. ಎರಡೂ ಒಂದೂ ಮೂರು. ಸ್ಕ್ರೀನ್‌ಶಾಟ್ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರ್ಲಿಲ್ಲ. ಆಮೇಲೆ ಬಂದಿದ್ದೇ ಆ ಇನ್ನೈನೂರರ ಮೆಸೇಜು.

ಒಂದು ಸ್ಟಾರ್ ಯಾಕೆ ಜಾಸ್ತಿ ಕೊಟ್ಟೆ ಅಂದ್ರೆ ನಕ್ಷತ್ರ, ಪಾದ ಸರಿಯಾಗಿ ಹೇಳಿದ್ರು, ನಮ್ಮ ಪುರೋಹಿತ್ರು ಹೇಳಿದ್ದಕ್ಕೆ ಸರಿಹೋಯ್ತು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಊರಲ್ಲೇ. ನಮ್ಮ ಕಡೆ ಗಂಡು ಹೆಸರನ್ನ ಹೆಣ್ಣು ಮಾಡೋದು ಯಾವತ್ತೂ ಕಷ್ಟದ ಕೆಲಸ ಆಗಿರ್ಲಿಲ್ಲ, ನಿಂಗನಿಗೆ ನಿಂಗಮ್ಮ, ಕೆಂಪನಿಗೆ ಕೆಂಪಮ್ಮ, ಸಿದ್ದನಿಗೆ ಸಿದ್ದಮ್ಮ, ಚೆಲುವನಿಗೆ ಚೆಲುವಮ್ಮ, ಒಂದು ಅಮ್ಮ ಅಂಟಿಸಿದ್ರೆ ಮುಗೀತು. ಮಂಜು ಅಂದ್ರೆ ಮಂಜುನಾಥಾನೂ ಮಂಜುಳಾನೂ, ಯಾರೂ ತಲೆ ಕೆಡಿಸ್ಕೊಂಡಿಲ್ಲ. ಮನೇಲಿ ಹೆಣ್ಣುಮಕ್ಕಳನ್ನ ಬಾರೋ ರಾಜ, ಬಾರೋ ಕಂದ ಅಂತ ಕರೆಯೋದು ಇಡೀ ಊರಿಗೇ ಅಭ್ಯಾಸ, ಅದನ್ನೇ ಕಾಗದಕ್ಕೆ ಹಾಕ್ತೀವಿ ಅಂದ್ರೆ ಮಾತ್ರ ಎಲ್ರೂ ಎದ್ದು ಕೂರ್ತಾರೆ. ಇನ್ನು ಕೃಷ್ಣನ್ನ ತಪ್ಪಿಸ್ಕೊಂಡು ಈ ಮೈಸೂರು ಸೀಮೇಲಿ ಎಲ್ಲಿಗೆ ಹೋಗ್ತೀರಿ, ಕೆ.ಆರ್. ಸರ್ಕಲ್, ಕೆ.ಆರ್. ಮೊಹಲ್ಲಾ, ಕೆ.ಆರ್. ಆಸ್ಪತ್ರೆ, ಕೆ.ಆರ್.ಎಸ್., ಎಲ್ಲಾ ಕೃಷ್ಣರಾಜರೇ. ಅತ್ತೆಗೆ ಇದನ್ನ ಹೇಳಿದ್ರೆ "ಕೃಷ್ಣರಾಜರೇನು ಹೆಣ್ಣಾ?" ಅಂದ್ರು. ಮಾತಾಡ್ಲಿಲ್ಲ ನಾನು.

ಇನ್ನೊಂದು ವಿಷ್ಯ ಅಂದ್ರೆ ಈ ಗಂಡು ಹೆಸರು ಅನ್ನೋದು ಐವತ್ತು ದಾಟಿದೋರಿಗೆ ಮಾತ್ರ. ಪಕ್ಕದ ಮನೆ ಎಲ್‌ಕೆಜಿ ಹುಡುಗಿ ಬಂದು ಪಾಪು ಹೆಸರೇನು ಆಂಟಿ ಅಂದ್ಲು, ಕಿಟ್ಟಿ ಅಂದೆ, ಓಡಿಹೋಗಿ ತನ್ನ ಬ್ಯಾಗ್ ತಂದು ತೋರಿಸಿದ್ಲು, ಹಲೋ ಕಿಟ್ಟಿ, ಬೆಕ್ಕಿನ ಮುಖದ ಕಾರ್ಟೂನು, ಕಿವಿ ಮೇಲೆ ಕೆಂಪು ಬೋ. ಆ ಮಗುಗೆ ಕಿಟ್ಟಿ ಅಂದ್ರೆ ಹುಡುಗೀನೇ. ನಮ್ಮಪ್ಪ ಮೀಸೆ ತಿರುವ್ಕೊಂಡು ಇದ್ದಿದ್ದು ಅವಳಿಗೇನು ಗೊತ್ತು. ಸ್ಕೂಲಲ್ಲಿ ರೇಗಿಸಿದ್ರೆ ಬೆಕ್ಕು ಅಂತ ರೇಗಿಸ್ತಾರೆ, ಗಂಡು ಅಂತ ಅಲ್ಲ.

ನೀವೂ ಇದೇ ಗೊಂದಲದಲ್ಲಿದ್ರೆ ಈ ಸರ್ವಿಸ್‌ನೋರು ಹೇಳ್ದೇ ಇರೋದು ಒಂದು ಹೇಳ್ತೀನಿ. ಆತುರ ಬೀಳ್ಬೇಡಿ. ಹುಟ್ಟಿದ 21 ದಿನದೊಳಗೆ ನೋಂದಣಿ ಆಗ್ಬೇಕು ನಿಜ, ಆದ್ರೆ ಹೆಸರಿಲ್ಲದೇನೂ ನೋಂದಣಿ ಆಗುತ್ತೆ, 1969ರ ಜನನ ಮರಣ ನೋಂದಣಿ ಕಾಯ್ದೆಲೇ ಇದೆ. 12 ತಿಂಗಳೊಳಗೆ ಹೆಸರು ಸೇರಿಸಿದ್ರೆ ಫೀಸಿಲ್ಲ, ಆಮೇಲೆ ಲೇಟ್ ಫೀ ಕಟ್ಟಿ ಸೇರಿಸ್ಬೋದು, 15 ವರ್ಷದ ತನಕ. ಆದ್ರೆ ಒಂದ್ಸಲ ಬರೆಸಿದ್ಮೇಲೆ ಬದಲಿಸೋದು ತಲೆನೋವು, ಅದಕ್ಕೇ ಯೋಚಿಸಿ ಬರೆಸಿ, ಯಾಕಂದ್ರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲಿಗೂ ಪಾಸ್‌ಪೋರ್ಟಿಗೂ ಆಧಾರಿಗೂ ಹುಟ್ಟಿದ ದಿನಕ್ಕೆ ಇದೇ ಸರ್ಟಿಫಿಕೇಟೇ ಆಧಾರ. ನಾವು ಕಿಟ್ಟಿ ಅಂತಾನೇ ಬರೆಸಿದ್ವಿ, ಮುಂದೆ ಅವಳಪ್ಪನ ಇನಿಷಿಯಲ್ಲು. ಕೌಂಟರ್‌ನಲ್ಲಿ ಒಂದ್ಸಲ ತಲೆ ಎತ್ತಿ "ಹೆಣ್ಣಲ್ವಾ?" ಅಂದ್ರು, ಹೌದು ಅಂದೆ, ಟೈಪ್ ಮಾಡಿದ್ರು. ಹೆಣ್ಣಾ ಗಂಡಾ ಅಂತ ಹೇಳಕ್ಕೆ ಬೇರೆ ಕಾಲಮ್ಮೇ ಇದೆಯಲ್ಲ.

ನಿಜವಾಗ್ಲೂ 5 ಸ್ಟಾರ್ ಕೊಡ್ಬೇಕಾಗಿರೋದು ಅಶೋಕ ರೋಡ್ ಹತ್ರದ ಸಂದಿಲಿ ಕೂರೋ ಬೆಳ್ಳಿ ಕೆತ್ತೋ ಯಜಮಾನ್ರಿಗೆ. ಮಗುಗೆ ಹಾಲು ಕುಡಿಸೋ ಒಳಲೆ ಮೇಲೆ ಹೆಸರು ಹಾಕ್ಸಕ್ಕೆ ಹೋಗಿದ್ವಿ. ಅದಕ್ಕೂ ಮುಂಚೆ ಮಷೀನಲ್ಲಿ ಕೆತ್ತೋ ಒಂದು ಅಂಗಡಿಗೆ ಹೋಗಿದ್ವಿ, ಅಲ್ಲೂ ಅದೇ ಫಾಂಟಿನ ಕಾಯಿಲೆ, ಸ್ಕ್ರೀನಲ್ಲಿ ಟ ಒಂದು ಕಡೆ ಒತ್ತು ಒಂದು ಕಡೆ, ಪುಣ್ಯಕ್ಕೆ ಕೆತ್ತೋಕೆ ಮುಂಚೆ ನೋಡ್ದೆ. ಇವರು ಒಳಲೆನ ಮರದ ದಿಂಬಿನ ಮೇಲೆ ಒರಗಿಸಿ, ಮೊದಲು ಪೆನ್ಸಿಲಲ್ಲಿ ಬರೆದು, ಆಮೇಲೆ ಉಳಿ ಹಿಡಿದು ಸಣ್ಣ ಸಣ್ಣದಾಗಿ ತಟ್ತಾ ಹೋದ್ರು, ಟ್ಟಿ ಬಂದಾಗ ಒಳಲೆನೇ ತಿರುಗಿಸಿ ಕೆಳಗಿನ ಒತ್ತನ್ನ ಎಳೆದ್ರು, ಬೆಳ್ಳಿ ಸುರುಳಿ ಕೂದಲಿನಷ್ಟು ತೆಳ್ಳಗೆ ಎದ್ದು ಬಂತು, ಉಫ್ ಅಂತ ಊದಿದ್ರು. "ಮೊಮ್ಮಗನಾ?" ಅಂತ ಅಮ್ಮನ್ನ ಕೇಳಿದ್ರು. ಮೊಮ್ಮಗಳು ಅಂದ್ರೆ, "ಓ, ತಾತನ ಹೆಸರಾ" ಅಂದ್ರು ಅಷ್ಟೇ. ಹದಿನಾಲ್ಕು ಪೇಜಿಲ್ಲ ಏನಿಲ್ಲ. 120 ರೂಪಾಯಿ ತಗೊಂಡ್ರು.

ನಾಮಕರಣ ಮನೇಲೇ ಮಾಡಿದ್ವಿ. ಅಕ್ಕಿ ಮೇಲೆ ಉಂಗುರದಲ್ಲಿ ಬರೆದಿದ್ದಾಯ್ತು, ನಾದಿನಿ ಕಿವೀಲಿ ಮೂರು ಸಲ ಕಿಟ್ಟಿ ಕಿಟ್ಟಿ ಕಿಟ್ಟಿ ಅಂದಿದ್ದಾಯ್ತು, ಅತ್ತೆ ಕೂಡ ಕಿಟ್ಟಮ್ಮ ಅಂತ ಶುರು ಹಚ್ಕೊಂಡ್ರು, ಅವರ ಲೆಕ್ಕಕ್ಕೆ ಅಮ್ಮ ಅಂಟಿಸಿದ್ಮೇಲೆ ಸರಿಹೋಯ್ತು. ನಮ್ಮಮ್ಮನ ಸರದಿ ಬಂತು. ಅಮ್ಮ ಬಾಯೇ ತೆಗೀತಿಲ್ಲ. ಏನಮ್ಮ, ಕರಿ ಅಂದ್ರೆ ಸೆರಗು ಬಾಯಿಗೆ ಇಟ್ಕೊಂಡು ನಗ್ತಾಳೆ. ಆಗ ಹೊಳೀತು ನಂಗೆ, ನಲವತ್ತೊಂದು ವರ್ಷ ಸಂಸಾರ ಮಾಡಿದ್ರೂ ಅಮ್ಮ ಒಂದ್ಸಲಾನೂ ಅಪ್ಪನ ಹೆಸರು ಬಾಯಲ್ಲಿ ಹೇಳಿದೋಳಲ್ಲ. ರೇಷನ್ ಅಂಗಡಿಲಿ ಗಂಡನ ಹೆಸರು ಕೇಳಿದ್ರೆ ನನ್ನ ಮುಂದಕ್ಕೆ ತಳ್ಳೋಳು. ಪಿಡಿಎಫ್‌ನೋರಿಗೆ ಬಿಡಿ, ನನಗೇ ಇದು ತಲೆಗೆ ಬಂದಿರ್ಲಿಲ್ಲ.

ಈಗ ಮೂರು ತಿಂಗಳಾಯ್ತು. ಅಮ್ಮ ಮಂಡ್ಯದಿಂದ ದಿನಾ ಸಂಜೆ ವಿಡಿಯೋ ಕಾಲ್ ಮಾಡ್ತಾಳೆ, ಕೇಳೋದು ಒಂದೇ: "ಇವ್ರು ಹಾಲು ಕುಡುದ್ರಾ? ಮಲಗಿದ್ರಾ ಇವ್ರು?"