ಕುಣಿಯುವವರಿಗೆ ಯಾವ ಮರುಮುದ್ರಣ ಒಪ್ಪುತ್ತದೆ? ಅಪರೂಪದ ಸೋಲ್ ರೆಕಾರ್ಡುಗಳ ಹೋಲಿಕೆ

ಇಂಗ್ಲೆಂಡಿನ ಉತ್ತರದ ಕೈಗಾರಿಕಾ ಪಟ್ಟಣಗಳಲ್ಲಿ ಬೆಳೆದ ನಾರ್ದರ್ನ್ ಸೋಲ್ ಕುಣಿತಕ್ಕೆ, 1960ರ ದಶಕದ ಅಮೆರಿಕದಲ್ಲಿ ಬಿಡುಗಡೆಯಾಗಿಯೂ ಹೆಚ್ಚು ಮಾರಾಟವಾಗದೆ ಮೂಲೆ ಸೇರಿದ್ದ ಆಫ್ರಿಕನ್-ಅಮೆರಿಕನ್ ಗಾಯಕರ ಸೋಲ್ ಹಾಡುಗಳೇ ಜೀವಾಳ. ಅವುಗಳ ಮೂಲ ರೆಕಾರ್ಡುಗಳು ಈಗ ಸಾಮಾನ್ಯರ ಕೈಗೆ ಎಟುಕುವುದಿಲ್ಲ. ಅಮೆರಿಕದ ಮೋಟೌನ್ ರೆಕಾರ್ಡು ಕಂಪನಿಯ ಉಪಸಂಸ್ಥೆಗಾಗಿ ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ ಸಿಂಗಲ್ಲಿನ (ಮಗ್ಗುಲಿಗೊಂದೇ ಹಾಡಿರುವ ಚಿಕ್ಕ ರೆಕಾರ್ಡಿನ) ಒಂದು ಪ್ರತಿ 2009ರಲ್ಲಿ 25,000 ಪೌಂಡಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಹೀಗಾಗಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿ ಈ ಕುಣಿತ ಕಲಿತ ನನ್ನಂಥವರಿಗೆ ಮರುಮುದ್ರಣಗಳೇ ಗತಿ. ನನ್ನಲ್ಲಿರುವ ನಾಲ್ಕು ಬಗೆಯ ಮರುಮುದ್ರಣಗಳನ್ನು ಮೊದಲು ಮನೆಯಲ್ಲಿ ಕೇಳಿ, ಅನಂತರ ನಾವು ತಿಂಗಳಿಗೊಮ್ಮೆ ಸೇರುವ ಮರದ ನೆಲದ ಸಭಾಂಗಣದಲ್ಲಿ ಹಾಕಿ ಕುಣಿದು ನೋಡಿದ್ದೇನೆ.

ನನ್ನ ಮೊದಲ ಆಯ್ಕೆ ಲಂಡನ್ನಿನ ಏಸ್ ಸಂಸ್ಥೆ ಕೆಂಟ್ ಎಂಬ ಲೇಬಲ್ಲಿನಲ್ಲಿ, ಅಂದರೆ ಆ ಹೆಸರಿನಲ್ಲಿ, ಹೊರತರುವ ಸಿ.ಡಿ.ಗಳು. 1982ರಲ್ಲಿ ಆರಂಭವಾದ ಈ ಲೇಬಲ್ಲನ್ನು ರೂಪಿಸಿದ ಏಡಿ ಕ್ರೋಸ್‌ಡೆಲ್, ಲಂಡನ್ನಿನ ‘100 ಕ್ಲಬ್’ ಎಂಬ ಕ್ಲಬ್ಬಿನಲ್ಲಿ ಇಡೀ ರಾತ್ರಿಯ ಸೋಲ್ ಕೂಟಗಳನ್ನು ನಡೆಸಿಕೊಂಡು ಬಂದವರು. ಯಾವ ಹಾಡಿಗೆ ಜನ ನೆಲಕ್ಕಿಳಿಯುತ್ತಾರೆ ಎಂಬ ಅವರ ಅನುಭವ ಹಾಡುಗಳ ಆಯ್ಕೆಯಲ್ಲಿ ಎದ್ದು ಕಾಣುತ್ತದೆ. ಅಮೆರಿಕದ ಸ್ಟುಡಿಯೊಗಳ ಹಳೆಯ ಟೇಪುಗಳನ್ನು ಹುಡುಕಿ, ಅಂದು ಬಿಡುಗಡೆಯನ್ನೇ ಕಾಣದ ಹಾಡುಗಳನ್ನೂ ಅವರು ಹೊರತಂದಿದ್ದಾರೆ. ಒಂದೇ ಸಿ.ಡಿ.ಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಾಡುಗಳಿರುವುದರಿಂದ, ಒಂದು ಸಂಜೆಯ ಅಭ್ಯಾಸಕ್ಕೆ ಎದ್ದು ಹೋಗಿ ರೆಕಾರ್ಡು ಬದಲಿಸುವ ಅಗತ್ಯವೇ ಬೀಳುವುದಿಲ್ಲ.

ಷಿಕಾಗೊದ ನ್ಯೂಮೆರೊ ಗ್ರೂಪ್ ಎಂಬ ಮರುಮುದ್ರಣ ಸಂಸ್ಥೆಯ ದಾರಿ ಬೇರೆ. ಅದು ಹಾಡಿನ ಬದಲು ಇಡೀ ಲೇಬಲ್ಲನ್ನೇ ಎತ್ತಿಕೊಳ್ಳುತ್ತದೆ: 2004ರ ಮೊದಲ ಸಂಕಲನ ಒಹಾಯೊದ ಕೊಲಂಬಸ್ಸಿನಲ್ಲಿ ಬಿಲ್ ಮಾಸ್ ಕಟ್ಟಿದ ಕ್ಯಾಪ್‌ಸೋಲ್ ಕುರಿತದ್ದು, ಅನಂತರ ಬಂದ ಇನ್ನೊಂದು ಮಯಾಮಿಯ ಡೀಪ್ ಸಿಟಿ ಕುರಿತದ್ದು. ಅವುಗಳ ಕಿರುಪುಸ್ತಿಕೆಗಳನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಊರಿನ ಹೊರಗೆ ಯಾರಿಗೂ ಗೊತ್ತಿರದ ಗಾಯಕರನ್ನು ಅಷ್ಟು ಗೌರವದಿಂದ ಪರಿಚಯಿಸುವ ಬರಹ ಅಪರೂಪ. ಆದರೆ ನಿಧಾನಗತಿಯ ಹಾಡುಗಳ ನಡುವೆ ಕುಣಿತದ ಹಾಡುಗಳು ಅಲ್ಲೊಂದು ಇಲ್ಲೊಂದು ಬರುವುದರಿಂದ, ಸಭಾಂಗಣದಲ್ಲಿ ಹಾಕಿದಾಗ ಕುಣಿಯುವವರು ಮೂರನೆಯ ಹಾಡಿಗೇ ಕುರ್ಚಿಗೆ ಮರಳಿದರು.

ಸದ್ದಿನ ಬಲದಲ್ಲಿ ಮಾತ್ರ, ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಇಂಚಿನ ಮರುಮುದ್ರಣಕ್ಕೆ ಸಾಟಿಯಿಲ್ಲ. ಮಗ್ಗುಲಿಗೆ ಹಲವು ಹಾಡುಗಳಿರುವ ದೊಡ್ಡ ರೆಕಾರ್ಡಾದ ಎಲ್.ಪಿ.ಯಲ್ಲಿ ಸೂಜಿ ಒಳಸುತ್ತಿಗೆ ಬರುವ ಹೊತ್ತಿಗೆ ಅದರಡಿ ಸದ್ದು ಕೊರೆದ ಗೆರೆ ಸಾಗುವ ವೇಗ ಹೊರಸುತ್ತಿನ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹಾಗಾಗಿ ಕೊನೆಯ ಹಾಡುಗಳ ಟ್ಯಾಂಬೊರಿನ್ ಮಂಕಾಗಿ ಕೇಳುತ್ತದೆ. ಒಂದು ಮಗ್ಗುಲಿಗೆ ಎರಡೂವರೆ ನಿಮಿಷದ ಒಂದೇ ಹಾಡಿರುವ ಸಿಂಗಲ್ಲಿನಲ್ಲಿ ಆ ಗೆರೆಗಳನ್ನು ಅಗಲವಾಗಿ, ಜೋರಾಗಿ ಕೊರೆಯಲು ಜಾಗವಿರುತ್ತದೆ. ಕೊಳ್ಳುವ ಮುನ್ನ ಅದು ಮಾನೊ, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುವಂಥದ್ದು, ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ನಾನು ತರಿಸಿದ ಒಂದು ಸಿಂಗಲ್ಲಿನಲ್ಲಿ ಎಡ-ಬಲ ಸ್ಪೀಕರುಗಳಿಗೆ ಸದ್ದನ್ನು ಹಂಚುವ ಸ್ಟೀರಿಯೊ ಮಿಶ್ರಣವನ್ನು ಬಳಸಿದ್ದರು. ಡ್ರಮ್ಮುಗಳೆಲ್ಲ ಎಡಗಡೆಯ ಸ್ಪೀಕರಿನಲ್ಲೇ ಉಳಿದು, ಸಭಾಂಗಣದ ಬಲಭಾಗದಲ್ಲಿ ಕುಣಿಯುತ್ತಿದ್ದವರಿಗೆ ತಾಳವೇ ಸಿಗಲಿಲ್ಲ. ಮೂಲ ರೆಕಾರ್ಡುಗಳನ್ನು ಮಾತ್ರ ಒಪ್ಪುವ ಕೂಟಗಳೂ ಅನೇಕ ಇರುವುದರಿಂದ, ಮರುಮುದ್ರಣ ಹಿಡಿದು ಹೋಗುವವರು ಮೊದಲೇ ವಿಚಾರಿಸುವುದು ಒಳಿತು.

ಕೊನೆಯದು ಅಗ್ಗದ ರಿದಮ್ ಅಂಡ್ ಬ್ಲೂಸ್ ಸಿ.ಡಿ.ಗಳು. ಯುರೋಪಿನಲ್ಲಿ ಧ್ವನಿಮುದ್ರಣಗಳ ಹಕ್ಕಿನ ಅವಧಿಯನ್ನು 2013ರಲ್ಲಿ 50ರಿಂದ 70 ವರ್ಷಕ್ಕೆ ಏರಿಸಿದರೂ, 1963ಕ್ಕೆ ಮೊದಲು ಬಿಡುಗಡೆಯಾದವು ಅಷ್ಟರಲ್ಲೇ ಹಕ್ಕಿನಿಂದ ಹೊರಬಿದ್ದಿದ್ದವು. ಆದ್ದರಿಂದ ಅವನ್ನು ಮೂಲ ರೆಕಾರ್ಡು ಕಂಪನಿಯ ಅನುಮತಿಯಿಲ್ಲದೆ ಯಾರು ಬೇಕಾದರೂ ಮುದ್ರಿಸಬಹುದು. ಗಾಯಕಿ ಎಟಾ ಜೇಮ್ಸ್ 1955ರ ಸುಮಾರಿನಲ್ಲಿ ಮಾಡರ್ನ್ ಲೇಬಲ್ಲಿಗೆ ಹಾಡಿದವುಗಳನ್ನು ಇಂಥದ್ದೊಂದು ಸಿ.ಡಿ.ಯಲ್ಲಿಯೂ ಏಸ್ ಸಂಸ್ಥೆಯ ಸಂಕಲನದಲ್ಲಿಯೂ ಒಂದರ ಹಿಂದೊಂದು ಕೇಳಿದೆ. ಏಸ್‌ನದರಲ್ಲಿ ಸ್ಯಾಕ್ಸೊಫೋನಿನ ಉಸಿರು ಸಹ ಕೇಳಿಸುತ್ತದೆ. ಅಗ್ಗದ್ದರಲ್ಲಿ ಸವೆದ ರೆಕಾರ್ಡಿನ ಗೀರುಗಳನ್ನು ಅಳಿಸಲು ಹೋಗಿ ಚಪ್ಪಾಳೆಯನ್ನೂ ಸಿಂಬಲ್ಲಿನ ಮೊನೆಯನ್ನೂ ಅಳಿಸಿಬಿಟ್ಟಿದ್ದಾರೆ. ಕಾಲು ನಂಬುವುದು ಆ ಸದ್ದುಗಳನ್ನೇ. ಈಗ ಅಂಗಡಿಯಲ್ಲಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತೇನೆ. ಯಾರಿಂದ ಪರವಾನಗಿ ಪಡೆದಿದ್ದಾರೆ ಎಂಬುದು ಅಲ್ಲಿ ಇಲ್ಲದಿದ್ದರೆ ಇದ್ದಲ್ಲೇ ಇಟ್ಟು ಬರುತ್ತೇನೆ.