ಊರಿನಿಂದ ನೆಂಟರು ಬಂದರೆ ಯುಎಇಯಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಅಪ್ಪ-ಅಮ್ಮ, ಅತ್ತೆ-ಮಾವ ಊರಿನಿಂದ ಬಂದಾಗ ದುಬೈನಲ್ಲಿ ಅವರಿಗೆ ಅತಿ ಹೆಚ್ಚು ಹಿಡಿಸುವ ಸವಾರಿಗೆ ತಲೆಗೆ ಒಂದು ದಿರ್ಹಮ್. ಅದು ಊರೊಳಗೆ ಚಾಚಿಕೊಂಡ ಕಡಲ ತೋಳನ್ನು (ಕ್ರೀಕ್) ದಾಟಿಸುವ ಮರದ ದೋಣಿ, ಅಬ್ರಾ. ಅವರನ್ನು ಅತಿ ಹೆಚ್ಚು ಹಣ್ಣುಗಾಯಿ ಮಾಡುವ ಸವಾರಿಗೆ ಸಾಮಾನ್ಯವಾಗಿ ಅದರ ನೂರು ಪಟ್ಟು. ಅದು ಡೆಸರ್ಟ್ ಸಫಾರಿ. ಎರಡನ್ನೂ ತೋರಿಸಬಹುದು. ಆದರೆ ಎರಡನೆಯದನ್ನು ಕಂಪನಿಯವರು ಮಾರಿದ ಹಾಗೆಯೇ ಕೊಂಡರೆ ಅರವತ್ತು ದಾಟಿದ ಬೆನ್ನು ವಾರಗಟ್ಟಲೆ ಲೆಕ್ಕ ಕೇಳುತ್ತದೆ.

ಮೊದಲು ಅಬ್ರಾ. ಮೆಟ್ರೋದ ಹಸಿರು ಮಾರ್ಗದಲ್ಲಿ ಅಲ್ ಗುಬೈಬಾ ನಿಲ್ದಾಣದಲ್ಲಿ ಇಳಿದು ನಡೆದರೆ ಬರ್ ದುಬೈ ದಡ ಸಿಗುತ್ತದೆ. ದೋಣಿಗೆ ವೇಳಾಪಟ್ಟಿ ಇಲ್ಲ, ಜನ ತುಂಬಿದರೆ ಹೊರಡುತ್ತದೆ. ಒಂದು ದಿರ್ಹಮ್‌ನ ನಾಣ್ಯಗಳನ್ನು ಮೊದಲೇ ಕೂಡಿಟ್ಟುಕೊಳ್ಳಿ, ನೂರರ ನೋಟು ಹಿಡಿದರೆ ದೋಣಿಯವನ ಮುಖ ನೋಡಬೇಕು. ನಡುವಿನ ಉದ್ದನೆಯ ಹಲಗೆಯ ಎರಡೂ ಬದಿಗೆ ನೀರಿನತ್ತ ಮುಖ ಮಾಡಿ ಕೂರಬೇಕು. ಪಕ್ಕದಲ್ಲಿ ಕಟಕಟೆ ಇಲ್ಲ, ಆದ್ದರಿಂದ ಚಿಕ್ಕ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ತೊಂದರೆ ಬರುವುದು ಪ್ರಯಾಣದಲ್ಲಲ್ಲ, ಹತ್ತುವಾಗ. ಕಟ್ಟೆಗೂ ದೋಣಿಗೂ ನಡುವೆ ಸಂದು ಇರುತ್ತದೆ, ದೋಣಿ ಓಲಾಡುತ್ತಿರುತ್ತದೆ. ಒಬ್ಬರು ಮೊದಲು ದೋಣಿಗಿಳಿದು ಕೈ ಕೊಡಬೇಕು, ಇನ್ನೊಬ್ಬರು ದಡದಲ್ಲಿ ಹಿಂದೆ ನಿಲ್ಲಬೇಕು. ಸೀರೆಯವರು ನೆರಿಗೆ ಎತ್ತಿ ಹಿಡಿದು, ಒಂದೇ ಹೆಜ್ಜೆಯಲ್ಲಿ, ಅರ್ಧ ಮನಸ್ಸು ಮಾಡದೆ ಇಳಿಯಬೇಕು.

ಐದಾರು ನಿಮಿಷಕ್ಕೆ ದೇರಾ ದಡ. ಇಳಿದು ರಸ್ತೆ ದಾಟಿದರೆ ಮಸಾಲೆ ಸೂಕ್ (ಸೂಕ್ ಎಂದರೆ ಪೇಟೆ), ಅಲ್ಲಿಂದ ಹತ್ತು ನಿಮಿಷ ನಡೆದರೆ ಚಿನ್ನದ ಸೂಕ್. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಹಳಷ್ಟು ಅಂಗಡಿಗಳ ಬಾಗಿಲು ಎಳೆದಿರುತ್ತದೆ, ಶುಕ್ರವಾರ ಬೆಳಗ್ಗೆಯೂ ಅಷ್ಟೆ. ನಾಲ್ಕೂವರೆಗೆ ಬರ್ ದುಬೈ ಕಡೆ ಇರುವಂತೆ ಲೆಕ್ಕ ಹಾಕಿ. ಮೊದಲು ಅಲ್ ಫಹೀದಿಯ ಹಳೆಯ ಓಣಿಗಳನ್ನು ಸುತ್ತಬಹುದು, ಅದಕ್ಕೆ ಟಿಕೆಟ್ ಇಲ್ಲ. ಅಲ್ಲಿನ ಮನೆಗಳ ಮೇಲಿರುವ ಚೌಕಾಕಾರದ ಗೋಪುರಕ್ಕೆ ಬರ್ಜೀಲ್ ಎನ್ನುತ್ತಾರೆ. ನಾಲ್ಕೂ ದಿಕ್ಕಿಗೆ ತೆರೆದುಕೊಂಡು, ಯಾವ ಕಡೆಯಿಂದ ಗಾಳಿ ಬೀಸಿದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಕರೆಂಟು ಇಲ್ಲದ ಕಾಲದ ಏಸಿ ಎಂದರೆ ಮಾವನಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ದೋಣಿ ಹತ್ತಿ. ಮಸಾಲೆ ಸೂಕ್‌ನಲ್ಲಿ ಕೇಸರಿಗೆ ಹೇಳುವ ಮೊದಲ ಬೆಲೆಯನ್ನು ಬೆಲೆ ಎಂದುಕೊಳ್ಳಬೇಡಿ. ಖರ್ಜೂರ, ಒಣ ನಿಂಬೆ ಕೊಳ್ಳಲು ಅಡ್ಡಿಯಿಲ್ಲ, ಕೇಸರಿಯನ್ನು ಮಾತ್ರ ಸೂಪರ್ ಮಾರ್ಕೆಟ್‌ನಲ್ಲಿ ಕೊಂಡರೆ ನೆಮ್ಮದಿ.

ಈಗ ಸಫಾರಿ. ಪ್ಯಾಕೇಜು ಯಾರದ್ದಾದರೂ ಎರಕ ಒಂದೇ. ಮಧ್ಯಾಹ್ನ ಮೂರರ ಸುಮಾರಿಗೆ ಲ್ಯಾಂಡ್ ಕ್ರೂಸರ್ ಮನೆಯ ಹತ್ತಿರ ಬರುತ್ತದೆ, ಒಂದರಲ್ಲಿ ಆರು ಜನ. ಡಾಂಬರು ಮುಗಿದಲ್ಲಿ ಗಾಡಿ ನಿಲ್ಲಿಸಿ ಚಾಲಕ ನಾಲ್ಕೂ ಟೈರಿನ ಗಾಳಿ ಇಳಿಸುತ್ತಾನೆ. 35 ಪಿಎಸ್‌ಐ ಆಸುಪಾಸಿನಲ್ಲಿದ್ದದ್ದು 15ರ ಹತ್ತಿರಕ್ಕೆ ಬರುತ್ತದೆ. ಗಾಳಿ ಇಳಿದ ಟೈರು ಮರಳಿನ ಮೇಲೆ ಅಗಲವಾಗಿ ಹರಡಿಕೊಳ್ಳುವುದರಿಂದ ಹೂತುಹೋಗುವುದಿಲ್ಲ. ಈ ಅರ್ಧ ಗಂಟೆಯ ನಿಲುಗಡೆಯೇ ವ್ಯಾಪಾರದ ಜಾಗ. ಕ್ವಾಡ್ ಬೈಕಿಗೆ ಬೇರೆ ದುಡ್ಡು, ಕೈಮೇಲೆ ಗಿಡುಗ ಕೂರಿಸಿ ಫೋಟೋ ತೆಗೆದರೆ ಬೇರೆ ದುಡ್ಡು. ತಲೆಗೆ ಅರಬ್ ರುಮಾಲು ಪ್ರೀತಿಯಿಂದ ಸುತ್ತಿಬಿಟ್ಟು ಆಮೇಲೆ ಬೆಲೆ ಹೇಳುವವರೂ ಇದ್ದಾರೆ. ಬೇಡ ಎನ್ನುವುದಾದರೆ ಸುತ್ತುವ ಮೊದಲೇ ಹೇಳಬೇಕು.

ಆಮೇಲಿನ ಇಪ್ಪತ್ತರಿಂದ ನಲವತ್ತು ನಿಮಿಷ ಡ್ಯೂನ್ ಬ್ಯಾಶಿಂಗ್. ಗಾಡಿ ಮರಳ ದಿಬ್ಬ ಏರಿ ಅಡ್ಡಡ್ಡವಾಗಿ ಜಾರುತ್ತದೆ. ಅತಿ ಹೆಚ್ಚು ಕುಲುಕುವುದು ಹಿಂದಿನ ಮೂರನೆಯ ಸಾಲು. ಹತ್ತಿ ಇಳಿಯುವುದೂ ಅಲ್ಲೇ ಕಷ್ಟ. ವಾಂತಿಯಾಗುವುದಕ್ಕೆ ಅರ್ಧ ಕಾರಣ ಅನ್ನ-ಸಾರಿನ ಭರ್ಜರಿ ಊಟ, ಉಳಿದರ್ಧ ಮೊಬೈಲು ನೋಡುತ್ತ ಕೂರುವುದು. ಮಧ್ಯಾಹ್ನ ಹನ್ನೆರಡಕ್ಕೇ ಹಗುರವಾಗಿ ತಿನ್ನಬೇಕು. ಕಣ್ಣು ದೂರದ ದಿಬ್ಬದ ಮೇಲಿರಬೇಕು. ಗರ್ಭಿಣಿಯರು, ಡಿಸ್ಕ್ ಸಮಸ್ಯೆಯವರು, ಹೃದಯದ ಆಪರೇಷನ್ ಆದವರು, ಕೈಗೂಸುಗಳು ಈ ಗಾಡಿಯಲ್ಲಿ ಇರಲೇಬಾರದು. 'ಸ್ವಲ್ಪ ನಿಧಾನ ಓಡಿಸುತ್ತೇನೆ' ಎಂಬ ಚಾಲಕನ ಮಾತನ್ನು ನಂಬಿ ಹತ್ತಿಸುವುದೇ ಸಾಮಾನ್ಯವಾಗಿ ಆಗುವ ತಪ್ಪು. ಗಾಡಿಯಲ್ಲಿ ಇನ್ನೊಂದು ಕುಟುಂಬವೂ ಇದ್ದು ಅವರು 'ಇನ್ನೂ ಜೋರು' ಎಂದರೆ ಅವನೂ ಏನು ಮಾಡಿಯಾನು?

ಇದಕ್ಕೆ ಪರಿಹಾರವನ್ನು ಬುಕ್ ಮಾಡುವಾಗಲೇ ಕೇಳಿಕೊಳ್ಳಬೇಕು: ಹಿರಿಯರನ್ನು ದಿಬ್ಬಕ್ಕೆ ಒಯ್ಯದೆ ನೇರವಾಗಿ ಊಟ-ಕುಣಿತ ನಡೆಯುವ ಕ್ಯಾಂಪಿಗೆ ಬಿಡುತ್ತೀರಾ? ಬಹಳ ಕಂಪನಿಗಳು ಇದನ್ನು ಮಾಡುತ್ತವೆ, ಆದರೆ ತಾವಾಗಿ ಹೇಳುವುದಿಲ್ಲ. ಆರು ಜನರಿದ್ದರೆ ಇಡೀ ಗಾಡಿ ನಿಮ್ಮದೇ ಇರಲಿ, ಆಗ ದಿಬ್ಬದ ಆಟ ಎಷ್ಟು ಹೊತ್ತು ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಕ್ಯಾಂಪಿನಲ್ಲಿ ಕುರ್ಚಿ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಅಲ್ಲಿ ರೂಢಿ ರತ್ನಗಂಬಳಿ, ಗಿಡ್ಡ ಮೇಜು, ನೆಲದ ದಿಂಬು. ಮಂಡಿನೋವಿನವರು ಕೂತರೆ ಏಳಲಾರರು. ಸಸ್ಯಾಹಾರದ ಸೌಟು, ತಟ್ಟೆ ಬೇರೆ ಕೌಂಟರಿನಲ್ಲಿ ಇರುತ್ತವೆಯೇ ಎಂಬುದನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. 'ವೆಜ್ ಇದೆ' ಎಂಬುದಕ್ಕೆ ಕೆಲವೆಡೆ ಅರ್ಥ ಸಲಾಡ್, ಹಮ್ಮೂಸ್, ರೊಟ್ಟಿ ಅಷ್ಟೇ.

ಪ್ಯಾಕೇಜಿನ ಒಂಟೆ ಸವಾರಿ ಎಂದರೆ ಒಂದು ಸಣ್ಣ ಸುತ್ತು, ಎರಡು ನಿಮಿಷವೂ ಇಲ್ಲ. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ. ಎರಡೂ ಸಲ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹಿಡಿ ಗಟ್ಟಿ ಹಿಡಿದು ಎರಡೂ ಸಲ ಹಿಂದಕ್ಕೆ ಒರಗಬೇಕು. ಇದೊಂದು ಗೊತ್ತಿದ್ದರೆ ಅಮ್ಮನೂ ಧೈರ್ಯವಾಗಿ ಕೂರಬಹುದು. ಮೆಹಂದಿ, ಗಿರಗಿರನೆ ಸುತ್ತುವ ತನೂರಾ ಕುಣಿತ ಚೆನ್ನಾಗಿರುತ್ತವೆ. ಬೆಲ್ಲಿ ಡ್ಯಾನ್ಸ್ ಶುರುವಾದಾಗ ಮಾವ ಒಂಟೆ ನೋಡಲು ಎದ್ದು ಹೋದರೆ ಆಶ್ಚರ್ಯಪಡಬೇಡಿ. ರಂಜಾನ್ ತಿಂಗಳಲ್ಲಿ ಸಾಮಾನ್ಯವಾಗಿ ಸಂಗೀತ, ನೃತ್ಯ ಇರುವುದಿಲ್ಲ, ಅದೇ ದರ ಕೇಳಿದರೆ ಚೌಕಾಸಿ ಮಾಡಿ. ಡಿಸೆಂಬರ್, ಜನವರಿಯ ರಾತ್ರಿ ಮರಳುಗಾಡು ಚಳಿ ಹುಟ್ಟಿಸುತ್ತದೆ, ಸ್ವೆಟರ್ ಬೇಕು. 'ದುಬೈನಲ್ಲಿ ಚಳಿಯೇ?' ಎಂದು ಊರಿನವರು ತಂದಿರುವುದಿಲ್ಲ, ನೀವೇ ಹೊತ್ತುಕೊಂಡು ಹೋಗಿ.

ಇಷ್ಟೆಲ್ಲ ಬೇಡವೆನಿಸಿದರೆ ಅಲ್ ಕುದ್ರಾ ಇದೆ. ಮರಳುಗಾಡಿನ ನಡುವೆ ಮನುಷ್ಯರೇ ಮಾಡಿದ ಕೆರೆಗಳು, ನೀರುಹಕ್ಕಿಗಳು, ಅದೃಷ್ಟವಿದ್ದರೆ ಓರಿಕ್ಸ್ ಜಿಂಕೆ. ಮಾಮೂಲು ಕಾರು ಸಾಕು, ಪ್ರವೇಶ ಉಚಿತ. ಚಾಪೆ, ಫ್ಲಾಸ್ಕಿನಲ್ಲಿ ಕಾಫಿ, ಚಿತ್ರಾನ್ನ ಕಟ್ಟಿಕೊಂಡು ವಾರದ ದಿನ ಸಂಜೆ ನಾಲ್ಕಕ್ಕೆ ಹೋದರೆ ಸಫಾರಿಯ ಅತ್ಯುತ್ತಮ ಭಾಗವಾದ ಸೂರ್ಯಾಸ್ತ, ಅದರ ಮೌನದ ಸಮೇತ, ಪುಕ್ಕಟೆ ಸಿಗುತ್ತದೆ. ಶನಿವಾರ, ಭಾನುವಾರ ಮಾತ್ರ ಅದು ಜಾತ್ರೆ. ಎಚ್ಚರಿಕೆ ಒಂದೇ: 'ಇನ್ನೊಂದು ಹತ್ತು ಮಾರು' ಎಂದು ಸೆಡಾನನ್ನು ಮೆತ್ತನೆಯ ಮರಳಿಗೆ ಇಳಿಸಬೇಡಿ. ಸಿಕ್ಕಿಕೊಂಡರೆ ಆಕ್ಸಿಲೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ನಿಲ್ಲಿಸಿ, ಚಕ್ರದ ಹಿಂದಿನ ಮರಳು ಕೈಯಲ್ಲಿ ಬಗೆದು, ಟೈರಿನ ಗಾಳಿ ಇಳಿಸಿ, ನಿಧಾನವಾಗಿ ಬಂದ ದಾರಿಯಲ್ಲೇ ಹಿಂದಕ್ಕೆ ತನ್ನಿ. ಗಾಳಿ ತುಂಬಿಸುವ ತನಕ ಹೆದ್ದಾರಿಯಲ್ಲಿ ವೇಗ ಬೇಡ.

ಬುರ್ಜ್ ಖಲೀಫಾ ಬಗ್ಗೆ ಹೆಚ್ಚು ಹೇಳುವುದಿಲ್ಲ. 828 ಮೀಟರ್ ಎತ್ತರ, 2010ರ ಜನವರಿಯಲ್ಲಿ ತೆರೆದದ್ದು, ಕೆಳಗಿನಿಂದ ನೋಡಲು ಕಾಸಿಲ್ಲ. 124ನೇ ಮಹಡಿಯ ಟಿಕೆಟ್ಟಿಗೆ ಹೊತ್ತಿನ ಮೇಲೆ ದರ, ಸೂರ್ಯಾಸ್ತದ ಹೊತ್ತು ದುಬಾರಿ. ಬೇಸಗೆಯಲ್ಲಿ ಧೂಳಿನ ಮಂಜು ಕವಿದರೆ ಅಷ್ಟು ಕೊಟ್ಟು ನೋಡುವುದು ಬೂದುಬಣ್ಣವನ್ನು. ಇದಕ್ಕಿಂತ ಚೌಕಟ್ಟಿನ ಆಕಾರದ ಕಟ್ಟಡ ದುಬೈ ಫ್ರೇಮ್ ವಾಸಿ: 150 ಮೀಟರ್, ದೊಡ್ಡವರಿಗೆ 50 ದಿರ್ಹಮ್, ಒಂದು ಕಡೆ ಹಳೆಯ ದೇರಾ, ಇನ್ನೊಂದು ಕಡೆ ಹೊಸ ಊರು. ಬುರ್ಜ್ ಹತ್ತಿದರೆ ಬುರ್ಜ್ ಕಾಣುವುದಿಲ್ಲ, ಫ್ರೇಮಿನಿಂದ ಕಾಣುತ್ತದೆ. ಬುರ್ಜ್‌ನ ಬುಡದ ಕಾರಂಜಿ ಸಂಜೆಯ ಹೊತ್ತು ಉಚಿತ. ಆದರೆ ಮೆಟ್ರೋದಲ್ಲಿ ಬಂದರೆ ನಿಲ್ದಾಣದಿಂದ ಮಾಲ್‌ವರೆಗೆ ಸುಮಾರು 800 ಮೀಟರ್ ಸೇತುವೆ, ಮಾಲ್ ಒಳಗಿನ ನಡಿಗೆ ಬೇರೆ. ನಡುನಡುವೆ ಚಲಿಸುವ ಪಟ್ಟಿ ಇದ್ದರೂ ಮಂಡಿನೋವಿನವರಿಗೆ ಅದು ಶಿಕ್ಷೆಯೇ, ಅವರನ್ನು ಟ್ಯಾಕ್ಸಿಯಲ್ಲಿ ಕರೆತನ್ನಿ. ಮೆಟ್ರೋ ಹತ್ತಿಸುವುದಾದರೆ ಹೆಂಗಸರು-ಮಕ್ಕಳ ಡಬ್ಬಿ ಎಲ್ಲಿ ಶುರುವಾಗುತ್ತದೆ ಎಂದು ಗಂಡಸರಿಗೆ ಮೊದಲೇ ತೋರಿಸಿಡಿ. ಗೆರೆ ದಾಟಿದರೆ 100 ದಿರ್ಹಮ್ ದಂಡ, ಗಾಡಿಯೊಳಗೆ ಚಕ್ಕುಲಿ ಡಬ್ಬಿ ಬಿಚ್ಚಿದರೂ ಅಷ್ಟೇ.

ಅಬುಧಾಬಿಗೆ ಒಂದು ಇಡೀ ದಿನ ಕೊಡಿ, ಕ್ರಮ ತಪ್ಪಬಾರದು. ಬೆಳಗ್ಗೆ ಅಬು ಮುರೈಖಾದ ಬಿಎಪಿಎಸ್ (ಸ್ವಾಮಿನಾರಾಯಣ ಪಂಥದ ಸಂಸ್ಥೆ) ಹಿಂದೂ ಮಂದಿರ, ಅದು ಎರಡೂ ಊರಿನ ನಡುವಿನ ಹೆದ್ದಾರಿಯ ಪಕ್ಕವೇ. 2024ರ ಫೆಬ್ರವರಿ 14ರಂದು ಉದ್ಘಾಟನೆಯಾಯಿತು. ರಾಜಸ್ಥಾನದ ಗುಲಾಬಿ ಮರಳುಗಲ್ಲಿನ ಏಳು ಶಿಖರಗಳು ಏಳು ಎಮಿರೇಟುಗಳ ಲೆಕ್ಕ. ಪ್ರವೇಶ ಉಚಿತ, ಆದರೆ ಆನ್‌ಲೈನ್ ನೋಂದಣಿ ಮಾಡಿ ಹೊರಡಿ. ಸೋಮವಾರ ಹೋಗಿ ಮುಚ್ಚಿದ ಬಾಗಿಲು ನೋಡಿ ಬರಬೇಡಿ. ಕೆತ್ತನೆ ನೋಡಲು ಎರಡು ಗಂಟೆ ಬೇಕು.

ಶೇಖ್ ಜಾಯೆದ್ ಮಸೀದಿಗೆ ಸಂಜೆ ನಾಲ್ಕೂವರೆಯ ಸ್ಲಾಟ್ ತೆಗೆದುಕೊಳ್ಳಿ. ಇದೂ ಉಚಿತ, ಇಲ್ಲೂ ಮುಂಗಡ ನೋಂದಣಿ ಬೇಕು. ನಡುಮಧ್ಯಾಹ್ನ ಹೋದರೆ 17,000 ಚದರ ಮೀಟರಿನ ಬಿಳಿ ಅಮೃತಶಿಲೆಯ ಅಂಗಳ ಕಣ್ಣು ಬಿಡಲು ಕೊಡುವುದಿಲ್ಲ. ಸಂಜೆಯಾದರೆ 82 ಗುಮ್ಮಟಗಳನ್ನು ಬಿಸಿಲಲ್ಲೂ ನೋಡಬಹುದು, ದೀಪದಲ್ಲೂ ನೋಡಬಹುದು. ದೀಪದ ಬಣ್ಣ ಚಂದ್ರನ ಕಲೆಯೊಂದಿಗೆ ಬದಲಾಗುತ್ತದೆ, ಹುಣ್ಣಿಮೆಗೆ ಬಿಳಿ, ಅಮಾವಾಸ್ಯೆಯತ್ತ ಗಾಢ ನೀಲಿ. ಪಂಚಾಂಗ ನೋಡಿ ದಿನ ಗೊತ್ತುಮಾಡುವವರಿಗೆ ಇದು ಉಪಯೋಗದ ಮಾತು. ಬಾಗಿಲಲ್ಲಿ ಎಡವಟ್ಟಾಗುವುದು ಉಡುಪಿನಿಂದ. ಹೆಂಗಸರಿಗೆ ತಲೆ ಮುಚ್ಚಿರಬೇಕು, ತೋಳು ಮಣಿಕಟ್ಟಿನವರೆಗೆ, ಬಟ್ಟೆ ಪಾದದವರೆಗೆ. ಗಿಡ್ಡ ತೋಳಿನ ರವಿಕೆ, ಸೊಂಟ ಕಾಣುವ ಸೀರೆ ನಡೆಯುವುದಿಲ್ಲ. ಉದ್ದ ತೋಳಿನ ಸಡಿಲ ಚೂಡಿದಾರ್, ದಪ್ಪ ದುಪಟ್ಟಾ ಇದ್ದರೆ ಸಾಕು. ಗಂಡಸರಿಗೆ ಚಡ್ಡಿ ಬೇಡ. ನಡಿಗೆ ದೂರ, ಹಿರಿಯರಿಗೆ ಬ್ಯಾಟರಿ ಗಾಡಿ ಇದೆ, ಕೇಳಿ ಹತ್ತಿಸಿ.

ಒಂದೇ ದಿನ ಮಿಕ್ಕಿದ್ದರೆ ಅಲ್ ಐನ್. ತೋಟ ಮಾಡಿ ಬದುಕಿದ ಹಿರಿಯರಿಗೆ ಇಡೀ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಓಯಸಿಸ್‌ನಲ್ಲಿ ಸುಮಾರು 1,47,000 ಖರ್ಜೂರದ ಮರಗಳಿವೆ. ಅವುಗಳ ನಡುವೆ ನೆರಳಿನ ಕಾಲುದಾರಿ, ಪಕ್ಕದಲ್ಲಿ ಫಲಜ್ ಎಂಬ ಕಾಲುವೆ. ದೂರದ ಅಂತರ್ಜಲವನ್ನು ಬರೀ ಇಳಿಜಾರಿನ ಬಲದಿಂದ ಹರಿಸಿ, ಸರದಿಯ ಪ್ರಕಾರ ತೋಟಗಳಿಗೆ ಹಂಚುವ ಹಳೆಯ ಪದ್ಧತಿ ಅದು. ಅಲ್ ಐನ್‌ನ ಓಯಸಿಸ್‌ಗಳು, ಪುರಾತನ ನೆಲೆಗಳು 2011ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಓಯಸಿಸ್‌ಗೆ ಟಿಕೆಟ್ ಇಲ್ಲ. ಅಡಿಕೆ ತೋಟಕ್ಕೆ ನೀರು ಕಟ್ಟಿದ ಮಾವನನ್ನು ಆ ಕಾಲುವೆಯ ದಡದಿಂದ ಎಬ್ಬಿಸುವುದೇ ಕಷ್ಟ. ಸಂಜೆ ಜೆಬೆಲ್ ಹಫೀತ್ ಬೆಟ್ಟ ಏರಿ, ದಾರಿ ಸುಮಾರು 12 ಕಿ.ಮೀ., ತಿರುವುಗಳೇ ತಿರುವುಗಳು. ವಾಂತಿಯ ಭಯದವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ.

ಇದೆಲ್ಲ ನವೆಂಬರ್‌ನಿಂದ ಮಾರ್ಚ್‌ವರೆಗಿನ ಮಾತು. ಮೊಮ್ಮಕ್ಕಳ ರಜೆ ನೋಡಿ ಜೂನ್, ಜುಲೈಗೆ ಟಿಕೆಟ್ ಮಾಡಿಸಿದರೆ ಹೂದೋಟ ಮಿರಾಕಲ್ ಗಾರ್ಡನ್, ದೇಶದೇಶದ ಮಳಿಗೆಗಳ ಗ್ಲೋಬಲ್ ವಿಲೇಜ್ ಎರಡೂ ಸಾಮಾನ್ಯವಾಗಿ ಮುಚ್ಚಿರುತ್ತವೆ, ಉಳಿದದ್ದು ಮಾಲ್ ಮತ್ತು ಮ್ಯೂಸಿಯಂ. ಊರಿನವರು ಗಂಟು ಕಟ್ಟುವ ಮೊದಲು ಇನ್ನೊಂದು ಮಾತು ಹೇಳಿಬಿಡಿ: ಗಸಗಸೆ ಈ ದೇಶದಲ್ಲಿ ನಿಷಿದ್ಧ, ವೀಳ್ಯದೆಲೆಯೂ ತರುವಂತಿಲ್ಲ. ಗಸಗಸೆ ಪಾಯಸದ ಆಸೆ ಊರಿನಲ್ಲೇ ತೀರಿಸಿಕೊಂಡು ಬರಲಿ. ಕೋಡೀನ್, ಟ್ರಮಡಾಲ್‌ನಂಥ ಮಾತ್ರೆಗಳಿಗೆ ಯುಎಇ ಸರ್ಕಾರದ ಅನುಮತಿ ಮೊದಲೇ ಬೇಕು.

ಚಿನ್ನ ಕೊಳ್ಳುವುದಾದರೆ ಆ ದಿನದ ದರದಲ್ಲಿ ಚೌಕಾಸಿ ಇಲ್ಲ, ಮಜೂರಿಯಲ್ಲಿ ಇದೆ. ಭಾರತದ ಕಸ್ಟಮ್ಸ್‌ನಲ್ಲಿ ಆಭರಣಕ್ಕಿರುವ ಸುಂಕರಹಿತ ಮಿತಿ ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ನೆಲೆಸಿದವರಿಗೆ ಮಾತ್ರ. ಒಂದು ತಿಂಗಳಿಗೆಂದು ಬಂದ ಅಮ್ಮನಿಗೆ ಅದು ಸಿಗುವುದಿಲ್ಲ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. 5% ವ್ಯಾಟ್‌ನ ಬಹುಪಾಲು ಪ್ರವಾಸಿಗಳಿಗೆ ವಾಪಸು ಬರುತ್ತದೆ, ಇಲ್ಲಿ ವಾಸವಿರುವ ನಿಮಗೆ ಬರುವುದಿಲ್ಲ. ಆದ್ದರಿಂದ ದುಡ್ಡು ನೀವೇ ಕೊಟ್ಟರೂ ಅಂಗಡಿಯಲ್ಲಿ ಬಿಲ್ಲು ಅಪ್ಪ-ಅಮ್ಮನ ಪಾಸ್‌ಪೋರ್ಟ್ ಮೇಲೆ ಆಗಬೇಕು, ಒಂದು ಅಂಗಡಿಯ ಖರೀದಿ ಕನಿಷ್ಠ 250 ದಿರ್ಹಮ್ ಇರಬೇಕು. ವಿಮಾನ ನಿಲ್ದಾಣದಲ್ಲಿ ವ್ಯಾಟ್ ವಾಪಸಿನ ಕೌಂಟರಿಗೆ ಸೂಟ್‌ಕೇಸು ಒಪ್ಪಿಸುವ ಮೊದಲು ಹೋಗಬೇಕು. ವಸ್ತು ತೋರಿಸಿ ಎಂದರೆ ಅದು ಬೆಲ್ಟಿನ ಮೇಲೆ ಹೋಗಿಬಿಟ್ಟಿರಬಾರದು.